ಮಗುವಿನ ಕರುಳು ಗಟ್ಟಿಯಾಗಲು ನೀವೇನು ಮಾಡಿದಿರಿ? ಅನುಭವ ಹೇಳಿ

ದಾವಣಗೆರೆಯ ತಾಯಿ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ಮಗಳಿಗೆ ಆರು ತಿಂಗಳು ತುಂಬಿತು. ಸಿಸೇರಿಯನ್ ಹೆರಿಗೆ. ಹುಟ್ಟಿದ ವಾರದಲ್ಲೇ ಸೋಂಕು ಅಂತ ಆಂಟಿಬಯಾಟಿಕ್ ಕೊಟ್ಟರು. ಮೊದಮೊದಲು ಎದೆಹಾಲು ಸಾಲದೆ ಡಬ್ಬಿ ಹಾಲೂ ಕೊಟ್ಟೆವು. ಈಗ ಬರೀ ಎದೆಹಾಲು. ತೂಕ ಚೆನ್ನಾಗಿ ಏರುತ್ತಿದೆ. ಪರಿಚಯದವರೊಬ್ಬರು, ಇಂಥ ಮಕ್ಕಳ ಕರುಳಿನ ಗೋಡೆ ಸೋರುತ್ತದೆ, ಎಸ್‌ಸಿಎಫ್‌ಎ ಅನ್ನುವ ಆಮ್ಲಗಳು ಕಡಿಮೆ ಇರುತ್ತವೆ, ಮಲ ಪರೀಕ್ಷೆ ಮಾಡಿಸಿ ಪ್ರೊಬಯಾಟಿಕ್ ಹನಿ (ಒಳ್ಳೆಯ ಬ್ಯಾಕ್ಟೀರಿಯಾ ಇರುವ ಹನಿ) ಶುರು ಮಾಡಿ ಅಂತ ಬೆನ್ನು ಹತ್ತಿದ್ದಾರೆ. ಅತ್ತೆ ರಾಗಿ ಸರಿ ಸಾಕು ಅಂತಾರೆ. ಅಮ್ಮ ತುಪ್ಪ ಜಾಸ್ತಿ ಹಾಕು ಅಂತಾಳೆ. ರಾತ್ರಿಯೆಲ್ಲ ಇದೇ ಯೋಚನೆ. ನೀವೆಲ್ಲ ಏನು ಮಾಡಿದಿರಿ?

ಶಿವಮೊಗ್ಗದಿಂದ, ಇಬ್ಬರು ಮಕ್ಕಳ ತಾಯಿ

ನನ್ನ ದೊಡ್ಡವನದೂ ಇದೇ ಕಥೆ. ಆಪರೇಷನ್, ಆಂಟಿಬಯಾಟಿಕ್, ಡಬ್ಬಿ ಹಾಲು ಎಲ್ಲಾ ಆಯ್ತು. ನಾನು ಮಾಡಿದ್ದು ಒಂದೇ: ಹಗಲು ರಾತ್ರಿ ಅನ್ನದೆ ಎದೆಗೆ ಹಾಕಿಕೊಳ್ಳುತ್ತ ಹೋದೆ. ಕುಡಿದಷ್ಟೂ ಹಾಲು ಏರಿತು. ಡಬ್ಬಿ ಹಾಲು ನಿಂತ ಮೇಲೆ ಅವನ ಮಲವೇ ಬದಲಾಯಿತು. ಮೊದಲು ಗಟ್ಟಿ, ಹಸಿರು ಮಿಶ್ರಿತ ಕಂದು, ಕೆಟ್ಟ ವಾಸನೆ. ಆಮೇಲೆ ಸಾಸಿವೆ ಬಣ್ಣ, ತೆಳು, ಸಣ್ಣ ಸಣ್ಣ ಕಾಳಿನ ಹಾಗೆ, ಹುಳಿ ಮೊಸರಿನ ವಾಸನೆ. ನನ್ನಮ್ಮ ಹುಳಿ ವಾಸನೆ ನೋಡಿ ಅಜೀರ್ಣ ಅಂದರು. ಡಾಕ್ಟರು, ಅದೇ ಸರಿಯಾದ ವಾಸನೆ ಅಂದರು. ಯಾಕೆ ಅಂತ ಗೊತ್ತಿರುವವರು ಹೇಳಿ.

ಕಲಬುರಗಿ ಕಡೆಯಿಂದ, ನವಜಾತ ಶಿಶು ವಾರ್ಡಿನ ನರ್ಸ್

ನಾನು ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಎದೆಹಾಲಿನಲ್ಲಿ ಎಚ್‌ಎಂಒ ಅನ್ನುವ ಸಕ್ಕರೆಗಳಿವೆ. ಹಾಲಿನ ಘನಾಂಶದಲ್ಲಿ ಲ್ಯಾಕ್ಟೋಸ್, ಕೊಬ್ಬು ಬಿಟ್ಟರೆ ಅತಿ ಹೆಚ್ಚು ಇರುವುದು ಅವೇ. ಆದರೆ ಮಗುವಿಗೆ ಅವು ಜೀರ್ಣವಾಗುವುದಿಲ್ಲ! ಅವು ಇರುವುದು ಕರುಳಿನಲ್ಲಿರುವ ಬಿಫಿಡೊಬ್ಯಾಕ್ಟೀರಿಯಾ ಅನ್ನುವ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ. ತಾಯಿಯ ದೇಹ ಇಷ್ಟು ಶ್ರಮಪಟ್ಟು ಬ್ಯಾಕ್ಟೀರಿಯಾಗಳಿಗೂ ಅಡುಗೆ ಮಾಡುತ್ತದೆ ಅನ್ನುವುದು ಇಷ್ಟು ವರ್ಷ ಕೆಲಸ ಮಾಡಿದ ಮೇಲೂ ನನಗೆ ಬೆರಗೇ. ದೋಸೆ ಹಿಟ್ಟು ಹುಳಿ ಬರುವ ಹಾಗೆ ಈ ಸಕ್ಕರೆ ಕರುಳಿನಲ್ಲಿ ಹುಳಿ ಬಂದು ಅಸಿಟೇಟ್, ಲ್ಯಾಕ್ಟೇಟ್ ಅನ್ನುವ ಆಮ್ಲಗಳಾಗುತ್ತದೆ. ಶಿವಮೊಗ್ಗದ ಅಕ್ಕ ಹೇಳಿದ ವಾಸನೆ ಅದೇ. ಕರುಳು ಹುಳಿಯಾಗಿದ್ದರೆ ಕೆಟ್ಟ ಬ್ಯಾಕ್ಟೀರಿಯಾ ಬೇರೂರುವುದು ಕಷ್ಟ. 2011ರಲ್ಲಿ ಜಪಾನಿನವರು ಇಲಿಗಳಲ್ಲಿ ತೋರಿಸಿದರು: ಬಿಫಿಡೊ ತಯಾರಿಸಿದ ಅಸಿಟೇಟ್ ಕರುಳಿನ ಗೋಡೆಯನ್ನು ಕಾಪಾಡಿ, ಇ. ಕೋಲಿ ಅನ್ನುವ ಬ್ಯಾಕ್ಟೀರಿಯಾದ ವಿಷ ರಕ್ತಕ್ಕೆ ನುಸುಳದಂತೆ ತಡೆಯಿತು.

ಅಸಿಟೇಟ್, ಪ್ರೊಪಿಯೊನೇಟ್, ಬ್ಯುಟಿರೇಟ್, ಈ ಮೂರು ಸಣ್ಣ ಕೊಬ್ಬಿನಾಮ್ಲಗಳೇ ನಿಮಗೆ ಹೇಳಿದ ಎಸ್‌ಸಿಎಫ್‌ಎ. ದೊಡ್ಡವರ ದೊಡ್ಡ ಕರುಳಿನ ಗೋಡೆಗೆ ಮುಖ್ಯ ಆಹಾರ ಬ್ಯುಟಿರೇಟ್. ಅಲ್ಲಿನ ಕೋಶಗಳಿಗೆ ಬೇಕಾದ ಶಕ್ತಿಯಲ್ಲಿ ಸುಮಾರು 70% ಅದರಿಂದಲೇ ಬರುತ್ತದೆ. ಕೋಶಗಳ ನಡುವಿನ ಬೆಸುಗೆ ಬಿಗಿಯಾಗಿರುವುದಕ್ಕೂ, ಮೇಲಿನ ಲೋಳೆ ಪದರ ಕೂಡುವುದಕ್ಕೂ ಅದು ಬೇಕು. ಆದರೆ ಬರೀ ಎದೆಹಾಲು ಕುಡಿಯುವ ಕೂಸಿನಲ್ಲಿ ಬ್ಯುಟಿರೇಟ್ ಕಡಿಮೆಯೇ ಇರುತ್ತದೆ. ಅದು ರೋಗ ಅಲ್ಲ, ಆ ವಯಸ್ಸಿನ ಸಹಜ ಸ್ಥಿತಿ. ಬೇಳೆ, ತರಕಾರಿ, ಧಾನ್ಯ ಶುರುವಾದ ಮೇಲೆ ಅದನ್ನು ತಯಾರಿಸುವ ಬ್ಯಾಕ್ಟೀರಿಯಾ ನಿಧಾನಕ್ಕೆ ಬಂದು ಸೇರುತ್ತವೆ. ಹಾಗಾಗಿ ತಂಗಿ, ನಿಮ್ಮ ಮಗಳಲ್ಲಿ ಇದು ಕಡಿಮೆ ಇದೆ ಅಂತ ಹೆದರಿಸುವವರ ಮಾತು ಕಿವಿಗೆ ಹಾಕಿಕೊಳ್ಳಬೇಡಿ.

ಸಿಸೇರಿಯನ್, ಆಂಟಿಬಯಾಟಿಕ್ ಆದ ಮಕ್ಕಳಲ್ಲಿ ಮೊದಲ ವಾರಗಳಲ್ಲಿ ಒಳ್ಳೆಯ ಬ್ಯಾಕ್ಟೀರಿಯಾ ಕಡಿಮೆ ಇರುವುದು ನಿಜ. ತಿಂಗಳುಗಳು ಕಳೆದ ಹಾಗೆ ಆ ಅಂತರ ಕಿರಿದಾಗುತ್ತದೆ, ಎದೆಹಾಲು ಅದಕ್ಕೆ ದೊಡ್ಡ ಆಸರೆ. ಸೋಂಕಿದ್ದಾಗ ಆಂಟಿಬಯಾಟಿಕ್ ಕೊಟ್ಟಿದ್ದು ಜೀವ ಉಳಿಸಲು. ಅದರ ಬಗ್ಗೆ ಮನಸ್ಸು ಕೆಡಿಸಿಕೊಳ್ಳಬೇಡಿ. ಹುಟ್ಟಿದಾಗ ಎಲ್ಲ ಕೂಸುಗಳ ಕರುಳೂ ಸ್ವಲ್ಪ ಸಡಿಲವೇ. ಎದೆಹಾಲು ಕುಡಿಯುತ್ತ ಬೇಗ ಬಿಗಿಯಾಗುತ್ತದೆ.

ಬೆಂಗಳೂರಿನಿಂದ ಒಬ್ಬ ತಂದೆ

ಮಲ ಪರೀಕ್ಷೆ ನಾವು ಮಾಡಿಸಿದ್ದೆವು. ಕೆಂಪು, ಹಳದಿ, ಹಸಿರು ಪಟ್ಟಿಗಳ ಉದ್ದನೆಯ ವರದಿ ಬಂತು. ಬಾಯಲ್ಲಿ ತಿರುಗದ ಹೆಸರುಗಳು. ಮಕ್ಕಳ ಡಾಕ್ಟರ್ ಮುಂದೆ ಇಟ್ಟರೆ ಅವರು ಪುಟ ತಿರುವಿ ಪಕ್ಕಕ್ಕಿಟ್ಟು, ತಾಯಿ ಕಾರ್ಡ್ ಕೇಳಿ ತೂಕದ ಗೆರೆ ನೋಡಿದರು. ಚಿಕಿತ್ಸೆಯಲ್ಲಿ ಏನೂ ಬದಲಾಗಲಿಲ್ಲ.

ಕಲಬುರಗಿಯ ನರ್ಸ್

ಸರ್ ಹೇಳಿದ್ದು ಸರಿ. ಇನ್ನೊಂದು ವಿಷಯ ಇದೆ. ಕರುಳಿನಲ್ಲಿ ಹುಟ್ಟುವ ಈ ಆಮ್ಲಗಳಲ್ಲಿ ಸುಮಾರು 95% ಅಲ್ಲೇ ಹೀರಿಕೊಂಡು ಹೋಗುತ್ತವೆ. ಮಲದಲ್ಲಿ ಸಿಗುವುದು ಉಳಿದಿದ್ದು ಮಾತ್ರ. ಅದನ್ನು ಅಳೆದು ಒಂದು ಮಗುವಿನ ಗೋಡೆ ಗಟ್ಟಿಯೋ ಸಡಿಲವೋ ಅಂತ ಹೇಳಲಾಗದು.

ಹನಿಯ ವಿಷಯ. ಒಡಿಶಾದ ಹಳ್ಳಿಗಳಲ್ಲಿ 4,500ಕ್ಕೂ ಹೆಚ್ಚು ನವಜಾತ ಶಿಶುಗಳ ಮೇಲೆ ನಡೆದ ಪ್ರಯೋಗ 2017ರಲ್ಲಿ ಪ್ರಕಟವಾಯಿತು. ಹುಟ್ಟಿದ ಮೊದಲ ದಿನಗಳಲ್ಲೇ ಶುರು ಮಾಡಿ, ಲ್ಯಾಕ್ಟೊಬ್ಯಾಸಿಲಸ್ ಪ್ಲಾಂಟಾರಮ್‌ನ ಒಂದು ನಿರ್ದಿಷ್ಟ ತಳಿಯನ್ನು ಎಫ್‌ಒಎಸ್ ಅನ್ನುವ ನಾರಿನ ಜೊತೆ ಒಂದು ವಾರ ಕೊಟ್ಟರು. ರಕ್ತದ ನಂಜು ಅಥವಾ ಸಾವು 9%ನಿಂದ 5.4%ಗೆ ಇಳಿಯಿತು. ದೊಡ್ಡ ಸಂಗತಿ ಅದು, ನಮ್ಮ ದೇಶದ ಹೆಮ್ಮೆ. ಆದರೆ ಆ ಮಕ್ಕಳು ಆಗಷ್ಟೇ ಹುಟ್ಟಿದವರು, ತಳಿಯೂ ಬೇರೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಯಾವುದೋ ಹನಿ ಅದೇ ಕೆಲಸ ಮಾಡುತ್ತದೆ ಅಂತ ಇದರಿಂದ ಹೇಳಲು ಬರುವುದಿಲ್ಲ. ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳಿಗಂತೂ ಸ್ವಂತ ಬುದ್ಧಿಯಿಂದ ಕೊಡಲೇಬೇಡಿ. ಹನಿಯಲ್ಲಿದ್ದ ಬ್ಯಾಕ್ಟೀರಿಯಾದಿಂದಲೇ ರಕ್ತಕ್ಕೆ ಸೋಂಕಾಗಬಹುದು ಅಂತ 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎಚ್ಚರಿಕೆ ಕೊಟ್ಟಿದೆ.

ತುಪ್ಪದ ಬಗ್ಗೆ ವಾಟ್ಸಾಪಿನಲ್ಲಿ ದಿನಾ ಬರುತ್ತದೆ, ಅಲ್ವಾ. ತುಪ್ಪದಲ್ಲಿ ಬ್ಯುಟಿರೇಟ್ ಇರುವುದು ನಿಜ. ಆದರೆ ಅದು ಮೇಲಿನ ಸಣ್ಣ ಕರುಳಿನಲ್ಲೇ ಹೀರಿಕೊಂಡು ಹೋಗುತ್ತದೆ, ದೊಡ್ಡ ಕರುಳಿನ ತನಕ ಇಳಿಯುವುದಿಲ್ಲ. ತುಪ್ಪ ಹಾಕಿ, ಮಗುವಿಗೆ ಶಕ್ತಿ ಬೇಕು. ಅಷ್ಟಕ್ಕೆ ಅರ್ಧ ಚಮಚ ಸಾಕು.

ಶಿರಸಿಯಿಂದ ಒಬ್ಬರು

ನಮ್ಮ ಕಡೆ ಬಾಳೆಕಾಯಿ ಹಿಟ್ಟು. 2021ರಲ್ಲಿ ‘ಬಾಕಾಹು’ ಅಂತ ಸುದ್ದಿ ಆಯ್ತಲ್ಲ, ಅದೇ. ಮನೆಯಲ್ಲೇ ಮಾಡಬಹುದು. ಬಲಿತ, ಹಣ್ಣಾಗದ ಕಾಯಿ ತಗೊಳ್ಳಿ. ಸಿಪ್ಪೆ ತೆಗೆದು, ತೆಳ್ಳಗೆ ಬಿಲ್ಲೆ ಹೆಚ್ಚಿ, ಕಪ್ಪಾಗದ ಹಾಗೆ ತಕ್ಷಣ ಬಟ್ಟೆ ಮೇಲೆ ಹರಡಿ. ಕಡು ಬಿಸಿಲು ಬೇಕು. ಮುರಿದರೆ ಟಕ್ ಅನ್ನಬೇಕು, ಬಾಗಿದರೆ ಇನ್ನೂ ಒಣಗಿಲ್ಲ ಅಂತ ಅರ್ಥ, ಹಾಗೇ ಪುಡಿ ಮಾಡಿದರೆ ಬೂಸ್ಟು ಹಿಡಿಯುತ್ತದೆ. ಪುಡಿ ಮಾಡಿ ಜರಡಿ ಹಿಡಿಯಿರಿ. ಒಂದು ಚಮಚ ಹಿಟ್ಟನ್ನು ತಣ್ಣೀರಲ್ಲಿ ಗಂಟಿಲ್ಲದ ಹಾಗೆ ಕದಡಿ ಸಣ್ಣ ಉರಿಯಲ್ಲಿ ಕೈಯಾಡಿಸಿ. ಬಿಳಿ ಹೋಗಿ ಕಂದು ಹೊಳಪು ಬಂದಾಗ ಇಳಿಸಿ. ಉಪ್ಪು, ಸಕ್ಕರೆ ಬೇಡ. ನನ್ನ ಮಗಳು ಬಟ್ಟಲು ನೆಕ್ಕುತ್ತಿದ್ದಳು.

ಧಾರವಾಡದಿಂದ, ಪೌಷ್ಟಿಕ ಆಹಾರ ಓದಿದವಳು

ಶಿರಸಿಯವರ ಮಾತಿಗೆ ಗಟ್ಟಿ ಆಧಾರ ಇದೆ. ಬಾಳೆಕಾಯಿ ಪಿಷ್ಟದಲ್ಲಿ ಒಂದು ಭಾಗ ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ದೊಡ್ಡ ಕರುಳಿಗೆ ಇಳಿದು ಈ ಆಮ್ಲಗಳಾಗುತ್ತದೆ. ಈ ಆಮ್ಲಗಳು ಇದ್ದಾಗ ದೊಡ್ಡ ಕರುಳು ಉಪ್ಪು, ನೀರನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. 2001ರಲ್ಲಿ ಢಾಕಾದಲ್ಲಿ ಬಹಳ ದಿನದಿಂದ ಭೇದಿಯಾಗುತ್ತಿದ್ದ ಶಿಶುಗಳಿಗೆ ಅನ್ನದ ಆಹಾರದಲ್ಲಿ ಬೇಯಿಸಿದ ಬಾಳೆಕಾಯಿ ಸೇರಿಸಿ ಕೊಟ್ಟಾಗ ಭೇದಿ ಬೇಗ ಹತೋಟಿಗೆ ಬಂತು. ಅದಕ್ಕೂ ಮೊದಲು ವೆಲ್ಲೂರಿನ ಸಿಎಂಸಿ ಆಸ್ಪತ್ರೆಯವರು ಕಾಲರಾ ರೋಗಿಗಳ ಓಆರ್‌ಎಸ್‌ಗೆ ಇದೇ ಬಗೆಯ ಪಿಷ್ಟ ಸೇರಿಸಿ ಒಳ್ಳೆಯ ಫಲ ಕಂಡಿದ್ದರು, 2000ದಲ್ಲಿ ಅದು ಪ್ರಕಟವಾಯಿತು. 2021ರಲ್ಲಿ ಮತ್ತೆ ಢಾಕಾ: ಅಪೌಷ್ಟಿಕತೆ ಇದ್ದ 12ರಿಂದ 18 ತಿಂಗಳ ಮಕ್ಕಳಿಗೆ ಕಡಲೆ, ಸೋಯಾ, ಶೇಂಗಾ ಹಿಟ್ಟು, ಬಾಳೆಕಾಯಿ ಸೇರಿಸಿದ ಆಹಾರ ಕೊಟ್ಟರು. ಅದಕ್ಕಿಂತ ಜಾಸ್ತಿ ಕ್ಯಾಲರಿ ಇದ್ದ ಮಾಮೂಲಿ ಪೂರಕ ಆಹಾರಕ್ಕಿಂತ ಇದರಲ್ಲೇ ತೂಕ ಚೆನ್ನಾಗಿ ಏರಿತು. ನಮ್ಮ ಅಡುಗೆಮನೆಯಲ್ಲಿ ಇಲ್ಲದ್ದು ಇದರಲ್ಲಿ ಏನಿದೆ ಹೇಳಿ.

ರಾಗಿ ಸರಿಯ ಬಗ್ಗೆ ಅತ್ತೆ ಹೇಳಿದ್ದು ಒಳ್ಳೆಯದೇ. ಮೊಳಕೆ ಬರಿಸಿದ ರಾಗಿಯಾದರೆ ಇನ್ನೂ ಒಳ್ಳೆಯದು, ಸರಿ ತೆಳುವಾಗಿ ನುಂಗಲು ಸುಲಭ. ಆದರೆ ಬಟ್ಟೆಯಲ್ಲಿ ಸೋಸಿದರೆ ನಾರೆಲ್ಲ ಬಟ್ಟೆಯಲ್ಲೇ ಉಳಿಯುತ್ತದೆ. ಶುರುವಿಗೆ ಸೋಸಿ. ಮಗು ಒಗ್ಗಿಕೊಂಡ ಮೇಲೆ ಬಟ್ಟೆ ಬಿಟ್ಟು ಸಣ್ಣ ಜರಡಿಗೆ ಬನ್ನಿ. ಹಾಗೇ ಬರೀ ಬೇಳೆ ಕಟ್ಟು ಕೊಡಬೇಡಿ, ಬೆಂದ ಹೆಸರುಬೇಳೆಯನ್ನೇ ಹಿಸುಕಿ ಕೊಡಿ. ಕುಂಬಳ, ಕ್ಯಾರೆಟ್, ಸೊಪ್ಪು ಒಂದೊಂದಾಗಿ ಸೇರಿಸಿ. ಒಂದೇ ಸಲ ನಾರು ತುಂಬಿದರೆ ಹೊಟ್ಟೆ ಉಬ್ಬರಿಸಿ ಮಗು ಅಳುತ್ತದೆ. ಮೊಟ್ಟೆ ತಿನ್ನುವ ಮನೆಯಾದರೆ ಚೆನ್ನಾಗಿ ಬೇಯಿಸಿ ಅದನ್ನೂ ಕೊಡಿ. ಎದೆಹಾಲು ಎರಡು ವರ್ಷದ ತನಕ, ಇಷ್ಟವಿದ್ದರೆ ಮುಂದೆಯೂ ಇರಲಿ.

ರಾಯಚೂರಿನಿಂದ

ತಂಗಳನ್ನದಲ್ಲೂ ಇಂಥ ಪಿಷ್ಟ ಇರುತ್ತದಂತೆ. ಮಜ್ಜಿಗೆ ಹಾಕಿ ಕಿವುಚಿ ಕೊಡಬಹುದಾ?

ಕಲಬುರಗಿಯ ನರ್ಸ್

ಕೂಸಿಗೆ ಬೇಡ ಅಕ್ಕ. ಅನ್ನ ಆರಿದಾಗ ಆ ಪಿಷ್ಟ ಹೆಚ್ಚುವುದು ನಿಜ, ಆದರೆ ರಾತ್ರಿಯೆಲ್ಲ ಹೊರಗಿಟ್ಟ ಅನ್ನದಲ್ಲಿ ವಿಷ ಉಗುಳುವ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಮಗುವಿನದು ಆಗಷ್ಟೇ ಮಾಡಿದ ಬಿಸಿ ಅಡುಗೆಯೇ ಆಗಬೇಕು. ಒಂದು ವರ್ಷ ತುಂಬುವ ತನಕ ಜೇನುತುಪ್ಪವನ್ನೂ ನಾಲಿಗೆಗೆ ಮುಟ್ಟಿಸಬೇಡಿ.

ದಾವಣಗೆರೆಯ ತಾಯಿ

ಓದುತ್ತಾ ಕಣ್ಣು ತುಂಬಿ ಬಂತು, ಎಲ್ಲರಿಗೂ ಕೈ ಮುಗಿಯುತ್ತೇನೆ. ಪರೀಕ್ಷೆ, ಹನಿ ಎರಡೂ ಬೇಡ ಅಂತ ಮನೆಯಲ್ಲಿ ಹೇಳಿದೆ. ಕೊನೆಯ ಪ್ರಶ್ನೆ ಸಿಸ್ಟರ್: ಊಟ ಶುರು ಮಾಡಿದ ಮೇಲೆ ಭೇದಿ ಆದರೆ?

ಕಲಬುರಗಿಯ ನರ್ಸ್

ಹೊಸ ಆಹಾರಕ್ಕೆ ಮಲದ ಬಣ್ಣ, ವಾಸನೆ ಬದಲಾಗುವುದು ಸಹಜ. ನೀರು ನೀರಾಗಿ ಪದೇ ಪದೇ ಆದರೆ ಎದೆಹಾಲು ನಿಲ್ಲಿಸಬೇಡಿ, ಊಟವನ್ನೂ ನಿಲ್ಲಿಸಬೇಡಿ. ಪ್ರತಿ ಸಲ ಭೇದಿಯಾದ ಮೇಲೆ ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಓಆರ್‌ಎಸ್ ಕುಡಿಸಿ. ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ ಜಿಂಕ್, 14 ದಿನ. ಭೇದಿ ನಿಂತರೂ ಪೂರ್ತಿ ಮುಗಿಸಿ. ಓಆರ್‌ಎಸ್, ಜಿಂಕ್ ಎರಡೂ ಆಶಾ ಕಾರ್ಯಕರ್ತೆ ಹತ್ತಿರ, ಪಿಎಚ್‌ಸಿಯಲ್ಲಿ ಪುಕ್ಕಟೆ ಸಿಗುತ್ತವೆ. ಮಲದಲ್ಲಿ ರಕ್ತ, ಹಸಿರು ವಾಂತಿ, ಕಣ್ಣು ಗುಳಿ ಬೀಳುವುದು, ಆರೇಳು ಗಂಟೆ ಮೂತ್ರ ಮಾಡದಿರುವುದು, ಕುಡಿಯಲಾರದಷ್ಟು ಸುಸ್ತು, ಇದರಲ್ಲಿ ಒಂದು ಕಂಡರೂ ಮನೆಮದ್ದು ನೋಡುತ್ತ ಕೂರಬೇಡಿ. ರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ.