ಹಣೆಪಟ್ಟಿಗಳನ್ನೆಲ್ಲ ಕಿತ್ತರೆ ನನ್ನಲ್ಲಿ ಏನು ಉಳಿಯುತ್ತದೆ?

ಎರಡನೇ ಬೆಂಚು ಕೇಳಿದ್ದು:

ನಾನು ಡಿಗ್ರಿ ಎರಡನೇ ವರ್ಷದಲ್ಲಿದ್ದೇನೆ. ಎರಡು ವಾರದ ಹಿಂದೆ ಸೋಶಿಯಾಲಜಿ ಕ್ಲಾಸಿನಲ್ಲಿ ಮೇಡಂ ಎಲ್ಲರಿಗೂ ಒಂದೊಂದು ಖಾಲಿ ಹಾಳೆ ಕೊಟ್ಟರು. "ನಾನು ಯಾರು?" ಎಂಬ ಪ್ರಶ್ನೆಗೆ 20 ಉತ್ತರ ಬರೆಯಿರಿ, ಸರಿ ತಪ್ಪು ಅಂತ ಏನೂ ಇಲ್ಲ, ಜಾಸ್ತಿ ಯೋಚಿಸಬೇಡಿ ಅಂದರು. ಸುಲಭ ಅಂದುಕೊಂಡೆ. ಒಂಬತ್ತಕ್ಕೆ ನಿಂತೆ.

ವಿದ್ಯಾರ್ಥಿನಿ. ಮಗಳು. ಅಕ್ಕ. ಆರ್ಟ್ಸ್‌ನವಳು. ಮನೆಯಲ್ಲಿ ಮೊದಲು ಕಾಲೇಜಿಗೆ ಬಂದವಳು. ಸ್ಕಾಲರ್‌ಶಿಪ್ ಹುಡುಗಿ. ಸೈಲೆಂಟ್. ಜವಾಬ್ದಾರಿ ಇರುವವಳು. ಇಂಟ್ರೊವರ್ಟ್.

ಹಾಳೆ ವಾಪಸ್ ಕೊಡಬೇಕಿರಲಿಲ್ಲ, ಹಾಗಾಗಿ ಇನ್ನೂ ನನ್ನ ಹತ್ತಿರವೇ ಇದೆ. ಅವತ್ತು ರಾತ್ರಿ ಕೂತು ಒಂದೊಂದನ್ನೂ ಮೊದಲು ಯಾರು ಹೇಳಿದ್ದು ಅಂತ ನೆನಪು ಮಾಡಿಕೊಂಡೆ. "ಸೈಲೆಂಟ್" ಅಂದದ್ದು ನಾಲ್ಕನೇ ಕ್ಲಾಸಿನ ಟೀಚರ್. ಹೊಸ ಶಾಲೆ, ಒಬ್ಬರೂ ಗೊತ್ತಿರಲಿಲ್ಲ, ಯಾರ ಹತ್ತಿರ ಮಾತಾಡುವುದು? ಆದರೆ ಅವರು ಅಮ್ಮನ ಹತ್ತಿರ "ನಿಮ್ಮ ಮಗಳು ತುಂಬಾ ಸೈಲೆಂಟ್" ಅಂದರು, ಅಮ್ಮ ಅದನ್ನು ನೆಂಟರಿಗೆಲ್ಲ ಹೇಳಿದರು, ಈಗ ಹತ್ತು ವರ್ಷವಾದರೂ ನಾನು ಸೈಲೆಂಟ್ ಹುಡುಗಿಯೇ. ಯಾವತ್ತಾದರೂ ಖುಷಿಯಾಗಿ ಜೋರಾಗಿ ಮಾತಾಡಿದರೆ "ಏನಾಯ್ತು ಇವತ್ತು ನಿಂಗೆ?" ಅಂತ ಕೇಳುತ್ತಾರೆ. ಕೇಳಿದ ತಕ್ಷಣ ಬಾಯಿ ಮುಚ್ಚಿಹೋಗುತ್ತದೆ.

ಕಾಲೇಜಿನಲ್ಲಿ ಮಾರ್ಕ್ಸ್ ಕಡಿಮೆ ಬಂದರೆ "ಸ್ಕಾಲರ್‌ಶಿಪ್ ತಗೊಂಡೂ ಇಷ್ಟೇನಾ" ಅನ್ನುತ್ತಾರೆ, ಜಾಸ್ತಿ ಬಂದರೆ ಅದೇ ಸ್ಕಾಲರ್‌ಶಿಪ್ ಉಳಿಸಿಕೊಳ್ಳಲು ಓದುತ್ತಾಳೆ ಅನ್ನುತ್ತಾರೆ. ನನಗೆ ಆ ವಿಷಯ ನಿಜವಾಗಿ ಇಷ್ಟ ಇರಬಹುದು ಅಂತ ಯಾರಿಗೂ ಹೊಳೆಯುವುದಿಲ್ಲ. ಮನೆಗೆ ಹೋದರೆ ಬೇರೆಯೇ ಕಥೆ. ಚಿಕ್ಕಪ್ಪ ಮೊದಲಿನ ಹಾಗೆ ರೇಗಿಸುವುದಿಲ್ಲ. "ನೀನು ಓದಿದವಳು, ನಿಂಗೆ ಗೊತ್ತಿರುತ್ತೆ" ಅಂತ ಮಾತು ನಿಲ್ಲಿಸಿಬಿಡುತ್ತಾರೆ. ಅದು ಗೌರವ ಅಂತ ಗೊತ್ತು. ಆದರೂ ನನ್ನನ್ನು ಸ್ವಲ್ಪ ದೂರ ಕೂರಿಸಿದ ಹಾಗೆ ಅನಿಸುತ್ತದೆ.

ನನ್ನ ಗೆಳತಿ ಒಬ್ಬಳು "ನಾನು ಯಾವ ಲೇಬಲ್ಲನ್ನೂ ಒಪ್ಪಲ್ಲ, ನಾನು ಮನುಷ್ಯಳು ಅಷ್ಟೇ" ಅನ್ನುತ್ತಾಳೆ. ಕೇಳಲು ಚೆನ್ನಾಗಿದೆ, ಆದರೆ ನನಗೆ ಆಗುತ್ತಿಲ್ಲ. ಇವನ್ನೆಲ್ಲ ಕಿತ್ತು ಹಾಕಿದರೆ ಹಾಳೆಯಲ್ಲಿ ಏನೂ ಉಳಿಯಲ್ಲ ಅನ್ನುವ ಭಯ ಇದೆ. ನೀವು ಇದನ್ನು ಹೇಗೆ ನೋಡುತ್ತೀರಿ?

ಓದುಗುಬ್ಬಿ ಬರೆದದ್ದು:

ನಾನು ಸೈಕಾಲಜಿ ಎಂ.ಎ. ಮಾಡುತ್ತಿದ್ದೇನೆ. ಆ 20 ಸಾಲಿನ ಹಾಳೆ ಹಳೆಯದು. ಮ್ಯಾನ್‌ಫರ್ಡ್ ಕುನ್ ಮತ್ತು ಥಾಮಸ್ ಮೆಕ್‌ಪಾರ್ಟ್‌ಲ್ಯಾಂಡ್ ಎಂಬ ಇಬ್ಬರು ಸಮಾಜಶಾಸ್ತ್ರಜ್ಞರು ಅದನ್ನು ಅಮೆರಿಕದ ಅಯೋವಾದಲ್ಲಿ 288 ಕಾಲೇಜು ವಿದ್ಯಾರ್ಥಿಗಳಿಂದ ಬರೆಸಿ 1954ರಲ್ಲಿ ಪ್ರಕಟಿಸಿದರು. ನಿಮಗಾದದ್ದೇ ಅವರಿಗೂ ಕಂಡಿತು. ಹೆಚ್ಚಿನವರು ಮೊದಲು ವಿದ್ಯಾರ್ಥಿ, ಹುಡುಗಿ, ಗಂಡ, ಇಂಥ ಧರ್ಮದವನು ಅಂತ ಯಾರೂ ಪ್ರಶ್ನೆ ಮಾಡದ ಗುರುತುಗಳನ್ನು ಬರೆದು ಮುಗಿಸುತ್ತಾರೆ. ಖುಷಿಯಾಗಿದ್ದೇನೆ, ಬೇಜಾರಾಗಿದ್ದೇನೆ ಎಂಬಂಥ ಸಾಲುಗಳು ಬರುವುದು ಆಮೇಲೆ. ಹಾಗಾಗಿ ನೀವು ಒಂಬತ್ತಕ್ಕೆ ನಿಂತಿರಿ ಅಂದರೆ ಬಾಯಿಪಾಠ ಆಗಿದ್ದು ಅಲ್ಲಿಗೆ ಮುಗಿಯಿತು ಅಂತ ಅರ್ಥ. ದಯವಿಟ್ಟು ಹತ್ತನೇ ಸಾಲಿಗೆ ಇನ್ನೊಮ್ಮೆ ಕೂತು ನೋಡಿ.

ಇನ್ನೊಂದು ವಿಷಯ, ಇದು ನನಗೆ ತುಂಬಾ ಹತ್ತಿರವಾದದ್ದು. ಸೂಸನ್ ಗೆಲ್ಮನ್ ಮತ್ತು ಗೇಲ್ ಹೇಮನ್ 1999ರಲ್ಲಿ 5 ಮತ್ತು 7 ವರ್ಷದ ಮಕ್ಕಳ ಜೊತೆ ಒಂದು ಪ್ರಯೋಗ ಮಾಡಿದರು. ಕೆಲವು ಮಕ್ಕಳಿಗೆ "ರೋಸ್ ಸಿಕ್ಕಾಗೆಲ್ಲ ಕ್ಯಾರೆಟ್ ತಿನ್ನುತ್ತಾಳೆ" ಅಂದರು. ಇನ್ನು ಕೆಲವರಿಗೆ "ರೋಸ್ ಕ್ಯಾರೆಟ್ ತಿನ್ನುವವಳು" ಅಂತ ಹೆಸರು ಕೊಟ್ಟು ಹೇಳಿದರು. ಹೆಸರು ಕೇಳಿದ ಮಕ್ಕಳು, ದೊಡ್ಡವಳಾದ ಮೇಲೂ ರೋಸ್ ಹೀಗೇ ಇರುತ್ತಾಳೆ, ಮನೆಯವರು ತಡೆದರೂ ಬಿಡಲ್ಲ ಅಂತ ಹೆಚ್ಚು ನಂಬಿದರು. ಒಂದು ಕ್ಯಾರೆಟ್ ವಿಷಯಕ್ಕೇ ಹೀಗಾದರೆ ಉಳಿದದ್ದು ಹೇಳಬೇಕಾ?

ನಮ್ಮ ಭಾಷೆಯಲ್ಲೇ ನೋಡಿ. "ಅಳುತ್ತಿದ್ದಾಳೆ" ಅಂದರೆ ಸ್ವಲ್ಪ ಹೊತ್ತಿಗೆ ನಿಲ್ಲಿಸುತ್ತಾಳೆ. "ಅಳುಬುರುಕಿ" ಅಂದರೆ ಮುಗಿಯಿತು, ಅದು ಅವಳ ಮೈಗೇ ಅಂಟಿತು. ಒಂದು ಸಲ ಜಗಳ ಆಡಿದವನು ಜಗಳಗಂಟ ಆಗುತ್ತಾನೆ, ಒಂದು ಸಲ ಹೆದರಿದವನು ಪುಕ್ಕಲ ಆಗುತ್ತಾನೆ. ನಾನು ಮಾಡಿದ್ದು ಇಷ್ಟೇ: ನನ್ನ ಹಾಳೆಯ ಇಂಥ ಪದಗಳನ್ನೆಲ್ಲ ಕ್ರಿಯೆಯ ವಾಕ್ಯ ಮಾಡಿ ಬರೆದೆ. ನಿಮ್ಮ "ಸೈಲೆಂಟ್" ಅನ್ನು "ಗೊತ್ತಿಲ್ಲದವರ ನಡುವೆ ಮೊದಮೊದಲು ಕಡಿಮೆ ಮಾತಾಡುತ್ತೇನೆ" ಅಂತ ಬರೆದು ನೋಡಿ. ಎಷ್ಟು ಜಾಗ ಸಿಗುತ್ತದೆ ಗೊತ್ತಾ.

"ಇಂಟ್ರೊವರ್ಟ್" ಆನ್‌ಲೈನ್ ಟೆಸ್ಟಿನಿಂದ ಬಂದದ್ದಾದರೆ ಅದನ್ನು ಅಷ್ಟು ಗಟ್ಟಿಯಾಗಿ ಹಿಡಿಯಬೇಡಿ. ಬರ್ಟ್ರಮ್ ಫೋರರ್ ಎಂಬ ಮನಶ್ಶಾಸ್ತ್ರಜ್ಞ ತನ್ನ 39 ವಿದ್ಯಾರ್ಥಿಗಳಿಗೆ ಪರ್ಸನಾಲಿಟಿ ಟೆಸ್ಟ್ ಮಾಡಿ, ಆಮೇಲೆ ಒಬ್ಬೊಬ್ಬರಿಗೂ "ಇದು ನಿಮ್ಮದು" ಅಂತ ರಿಸಲ್ಟ್ ಕೊಟ್ಟ. ಎಲ್ಲರ ಹಾಳೆಯಲ್ಲೂ ಇದ್ದದ್ದು ಒಂದೇ ಮಾತುಗಳು. ಎಷ್ಟು ಹೊಂದುತ್ತದೆ ಅಂತ 5ಕ್ಕೆ ಅಂಕ ಕೊಡಿಸಿದರೆ ಸರಾಸರಿ 4.3ರ ಹತ್ತಿರ ಬಂತು. ಇದು ಪ್ರಕಟವಾದದ್ದು 1949ರಲ್ಲಿ.

ತಡವಾದ ಅಕ್ಷರ ಬರೆದದ್ದು:

ನನ್ನದು ಉಲ್ಟಾ. ನನಗೆ ಒಂದು ಹಣೆಪಟ್ಟಿ ಸಿಕ್ಕ ದಿನವೇ ಉಸಿರು ಬಂತು.

ಶಾಲೆಯಲ್ಲಿ ಪೂರ್ತಿ ನಾನು "ಸೋಮಾರಿ". ಓದಲು ಹೇಳಿದರೆ ಸಾಲು ತಪ್ಪುತ್ತಿತ್ತು, ಪದ ಹಿಂದೆ ಮುಂದೆ ಆಗುತ್ತಿತ್ತು, ಎಲ್ಲರೂ ಎರಡು ಪುಟ ಮುಗಿಸುವಾಗ ನಾನು ಮೊದಲ ಪ್ಯಾರಾದಲ್ಲೇ ಇರುತ್ತಿದ್ದೆ. ಮನಸ್ಸಿಟ್ಟು ಓದು ಅನ್ನುತ್ತಿದ್ದರು. ಮನಸ್ಸಿಟ್ಟೇ ಓದುತ್ತಿದ್ದೆ, ಅದು ಯಾರಿಗೂ ಕಾಣುತ್ತಿರಲಿಲ್ಲ. ಕಾಲೇಜು ಮೊದಲ ವರ್ಷದಲ್ಲಿ ಒಬ್ಬರು ಲೆಕ್ಚರರ್ ಪರೀಕ್ಷೆ ಮಾಡಿಸಿಕೋ ಅಂತ ಕಳಿಸಿದರು. ಡಿಸ್‌ಲೆಕ್ಸಿಯಾ, ಅಂದರೆ ಓದುವುದು ಬರೆಯುವುದು ಕಷ್ಟವಾಗುವ ತೊಂದರೆ, ಅಂತ ಗೊತ್ತಾಯಿತು. ಆಗ ನನಗೆ 18.

ಆ ಪದ ಕೇಳಿ ನಾನು ಅತ್ತೆ. ದುಃಖಕ್ಕಲ್ಲ. ಅಷ್ಟು ವರ್ಷ ನನ್ನನ್ನು ನಾನೇ ಬೈದುಕೊಂಡದ್ದು ಸುಳ್ಳು ಅಂತ ಗೊತ್ತಾಗಿ ಅತ್ತೆ. ಈಗ ಪರೀಕ್ಷೆಗೆ ಹೆಚ್ಚು ಸಮಯ ಸಿಗುತ್ತದೆ, ಪಾಠವನ್ನು ಫೋನಿನಲ್ಲಿ ಕೇಳಿ ಓದುತ್ತೇನೆ. ಆ ಹೆಸರು ಇಲ್ಲದಿದ್ದರೆ ಇದ್ಯಾವುದೂ ಇಲ್ಲ. ಓದುಗುಬ್ಬಿಯವರು ಹೇಳುವ ಹಾಗೆ "ಓದುವಾಗ ಕಷ್ಟ ಪಡುತ್ತೇನೆ" ಅಂತ ವಾಕ್ಯ ಮಾಡಿ ಕೊಟ್ಟರೆ ಯಾವ ಆಫೀಸೂ ಒಂದು ನಿಮಿಷವೂ ಹೆಚ್ಚು ಕೊಡುವುದಿಲ್ಲ, ಅಲ್ವಾ? ಹೆಸರು ಬೇಕೇ ಬೇಕು. ಬ್ಯಾಚಿನಲ್ಲಿ ಕೆಲವರು ಈಗ ನನ್ನ ಹತ್ತಿರ ನಿಧಾನವಾಗಿ ಮಾತಾಡುತ್ತಾರೆ, ಕಿವಿ ಕೇಳಿಸದವನ ಹತ್ತಿರ ಮಾತಾಡಿದ ಹಾಗೆ. ಅದು ನೋಯುತ್ತದೆ. ಆದರೂ "ಸೋಮಾರಿ" ಜಾಗಕ್ಕೆ ಇದು ಬಂದದ್ದಕ್ಕೆ ನನಗೆ ಸಂತೋಷವೇ.

ಬೇವಿನ ನೆರಳು ಬರೆದದ್ದು:

ತಂಗಿ, ನಾನು ಕಾಲೇಜು ಬಿಟ್ಟು ಇಪ್ಪತ್ತು ವರ್ಷವಾಯಿತು. ನಿನ್ನ ಗೆಳತಿಯ ಮಾತಿನ ಬಗ್ಗೆ ಒಂದು ಹೇಳಬೇಕು. "ನಾನು ಮನುಷ್ಯಳು ಅಷ್ಟೇ" ಅಂತ ಹೇಳಿ ಕೈ ತೊಳೆದುಕೊಳ್ಳಲು ಎಲ್ಲರಿಗೂ ಆಗುವುದಿಲ್ಲ. ಬಾಗಿಲಲ್ಲಿ ಯಾರೂ ತಡೆಯದವರಿಗೆ ಅದು ಸುಲಭ. ತಡೆಯುವವರು ನಿನ್ನನ್ನು ಕೇಳಿ ತಡೆಯುವುದಿಲ್ಲ, ಅವರು ಹಚ್ಚಿದ ಪಟ್ಟಿ ನೋಡಿ ತಡೆಯುತ್ತಾರೆ. ನೀನು ಒಪ್ಪಿದೆಯೋ ಬಿಟ್ಟೆಯೋ ಅವರಿಗೆ ಬೇಕಿಲ್ಲ.

ಅಮೆರಿಕದಲ್ಲಿ ಐವರು ಕಪ್ಪು ಮಹಿಳೆಯರು ತಾವು ಕೆಲಸ ಮಾಡುತ್ತಿದ್ದ ಕಾರ್ ಕಂಪನಿಯ ಮೇಲೆ ಕೇಸ್ ಹಾಕಿದ್ದರು. 1964ಕ್ಕೆ ಮೊದಲು ಆ ಕಂಪನಿ ಕಪ್ಪು ಮಹಿಳೆಯರನ್ನು ಕೆಲಸಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ಆಮೇಲೆ ಕೊನೆಗೆ ಸೇರಿದವರನ್ನು ಮೊದಲು ತೆಗೆಯುವ ನಿಯಮ ಬಂದಾಗ ಹೋದವರು ಇವರೇ. 1976ರಲ್ಲಿ ತೀರ್ಪು ಬಂತು. ಮಹಿಳೆಯರ ಮೇಲೆ ಭೇದ ಇಲ್ಲ, ಬಿಳಿ ಮಹಿಳೆಯರು ಕೆಲಸದಲ್ಲಿದ್ದಾರಲ್ಲ ಅಂದರು. ಬಣ್ಣದ ದೂರಿಗೆ ಬೇರೆ ಕೇಸ್ ಇದೆ, ಅದರ ಜೊತೆ ಸೇರಿಕೊಳ್ಳಿ ಅಂದರು. ಎರಡನ್ನೂ ಕೂಡಿಸಿ ಹೊಸ ಗುಂಪು ಮಾಡಲು ಆಗುವುದಿಲ್ಲ ಅಂದರು. ಅನ್ಯಾಯ ಕಣ್ಣೆದುರಿಗಿತ್ತು, ಅದನ್ನು ಹೇಳಲು ಹೆಸರು ಇರಲಿಲ್ಲ. ಕಿಂಬರ್ಲೆ ಕ್ರೆನ್‌ಶಾ ಎಂಬ ಕಾನೂನು ಪ್ರೊಫೆಸರ್ 1989ರಲ್ಲಿ ಈ ಕೇಸನ್ನೇ ಹಿಡಿದು, ಎರಡು ಗುರುತು ಕೂಡುವಲ್ಲಿ ಆಗುವ ಇಂಥ ಭೇದಕ್ಕೆ "ಇಂಟರ್‌ಸೆಕ್ಷನಾಲಿಟಿ" ಅಂತ ಹೆಸರು ಕೊಟ್ಟರು.

ನಿನ್ನ "ಮನೆಯಲ್ಲಿ ಮೊದಲು ಕಾಲೇಜಿಗೆ ಬಂದವಳು" ಅದೇ ಥರದ್ದು. ಅದನ್ನು ಕೀಳಬೇಡ. ಫಾರಂ ತುಂಬಲು ಮನೆಯಲ್ಲಿ ಕೇಳುವವರಿಲ್ಲ, ಯಾವ ಕೋರ್ಸ್ ಅಂತ ಹೇಳುವವರಿಲ್ಲ, ಫೇಲ್ ಆದರೆ ಪರವಾಗಿಲ್ಲ ಅನ್ನಲು ಯಾರಿಗೂ ಧೈರ್ಯ ಇಲ್ಲ. ನಿನ್ನ ಕ್ಲಾಸಿನಲ್ಲೇ ಇನ್ನೂ ಇಂಥವರು ಇರುತ್ತಾರೆ, ಅವರು ನಿನಗೆ ಸಿಗುವುದು ಆ ಹೆಸರಿನಿಂದಲೇ. ಅವರನ್ನು ಹುಡುಕು.

ಕಿಟಕಿ ಪಕ್ಕ ಬರೆದದ್ದು:

ಎಲ್ಲರೂ ತಮಗೆ ಹಚ್ಚಿದ್ದರ ಬಗ್ಗೆ ಮಾತಾಡುತ್ತಿದ್ದೀರಿ. ನೀವು ಯಾರಿಗೆ ಹಚ್ಚಿದ್ದೀರಿ ಅಂತ ಕೇಳಿಕೊಂಡಿದ್ದೀರಾ?

ಹೆನ್ರಿ ತಾಜ್‌ಫೆಲ್ ಎಂಬ ಮನಶ್ಶಾಸ್ತ್ರಜ್ಞರ ಪ್ರಯೋಗ ಕ್ಲಾಸಿನಲ್ಲಿ ಬಂದೇ ಬರುತ್ತದೆ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ 14-15 ವರ್ಷದ 64 ಹುಡುಗರಿಗೆ ಪರದೆಯ ಮೇಲಿನ ಚುಕ್ಕಿಗಳನ್ನು ಅಂದಾಜಿನಲ್ಲಿ ಎಣಿಸಲು ಹೇಳಿ, ಆಮೇಲೆ ನೀನು ಜಾಸ್ತಿ ಎಣಿಸಿದವರ ಗುಂಪು, ನೀನು ಕಡಿಮೆ ಎಣಿಸಿದವರ ಗುಂಪು ಅಂತ ಸುಮ್ನೆ ಭಾಗ ಮಾಡಿದರು. ಗುಂಪಿಗೂ ಚುಕ್ಕಿಗೂ ಸಂಬಂಧವೇ ಇರಲಿಲ್ಲ. ತನ್ನ ಗುಂಪಿನಲ್ಲಿ ಯಾರಿದ್ದಾರೆ ಅಂತಲೂ ಹುಡುಗರಿಗೆ ಗೊತ್ತಿರಲಿಲ್ಲ. ಆದರೂ ದುಡ್ಡು ಹಂಚಲು ಕೊಟ್ಟಾಗ ಹೆಚ್ಚಿನವರು ತಮ್ಮ ಗುಂಪಿನವರಿಗೇ ಜಾಸ್ತಿ ಕೊಟ್ಟರು.

ಈ ಮನುಷ್ಯ ಪೋಲೆಂಡಿನಲ್ಲಿ ಹುಟ್ಟಿದ ಯಹೂದಿ. ಎರಡನೇ ಮಹಾಯುದ್ಧದಲ್ಲಿ ಫ್ರೆಂಚ್ ಸೈನ್ಯದಲ್ಲಿದ್ದು ಜರ್ಮನರ ಕೈಗೆ ಸಿಕ್ಕಿದ್ದರು. ಅಲ್ಲಿ ತಾನು ಫ್ರಾನ್ಸಿನವನು ಅಂತ ಹೇಳಿಕೊಂಡೇ ಬದುಕಿ ಬಂದರು. ಮನೆಯ ಹೆಚ್ಚಿನವರು ಬದುಕಲಿಲ್ಲ. ಒಬ್ಬ ಮನುಷ್ಯನ ಜೀವ ಒಂದು ಪದದ ಮೇಲೆ ನಿಂತಿತ್ತು. ಅಂಥವರು ಚುಕ್ಕಿ ಎಣಿಸುವ ಹುಡುಗರ ಮೇಲೆ ಪ್ರಯೋಗ ಮಾಡಿದ್ದು ಯಾಕೆ ಅಂತ ಯೋಚಿಸಿದಾಗೆಲ್ಲ ನನಗೆ ಮೈ ಜುಂ ಅನ್ನುತ್ತದೆ.

ಎರಡನೇ ಬೆಂಚು ಬರೆದದ್ದು:

ಎಲ್ಲರಿಗೂ ಥ್ಯಾಂಕ್ಸ್. ಬೇವಿನ ನೆರಳು ಅಣ್ಣನೋ ಅಕ್ಕನೋ ಗೊತ್ತಿಲ್ಲ, ನಿಮ್ಮ ಮಾತು ಓದಿ ಆ ಸಾಲಿನ ಕೆಳಗೆ ಗೆರೆ ಎಳೆದೆ. "ಸೈಲೆಂಟ್" ಹೊಡೆದು ಹಾಕಿದೆ. "ಇಂಟ್ರೊವರ್ಟ್" ಹಾಗೇ ಬಿಟ್ಟಿದ್ದೇನೆ, ಯಾಕೆಂದರೆ ಒಬ್ಬಳೇ ಇರುವುದು ನನಗೆ ನಿಜವಾಗಿ ಹಿತ. ಟೆಸ್ಟ್ ಹೇಳಿತೋ ಬಿಟ್ಟಿತೋ, ಇದು ನಾನು ನೋಡಿಕೊಂಡದ್ದು.

ಆದರೆ ಕಿಟಕಿ ಪಕ್ಕ ಕೇಳಿದ ಪ್ರಶ್ನೆ ನಿದ್ದೆ ಕೆಡಿಸಿತು. ನನಗೆ ಒಬ್ಬ ತಮ್ಮ ಇದ್ದಾನೆ, ಒಂಬತ್ತನೇ ಕ್ಲಾಸ್. ಮನೆಯಲ್ಲಿ ಅವನನ್ನು "ತಲೆಗೆ ಹತ್ತದವನು" ಅಂತಾರೆ. ಮೊದಲು ಹಾಗೆ ಕರೆದವಳು ನಾನೇ. ಲೆಕ್ಕ ಹೇಳಿಕೊಡುವಾಗ ಸಿಟ್ಟಿನಲ್ಲಿ ಅಂದಿದ್ದೆ, ಅದು ಅಲ್ಲೇ ನಿಂತುಬಿಟ್ಟಿತು.

ನಿನ್ನೆ ಫೋನ್ ಮಾಡಿ ಅವನಿಗೂ ಆ 20 ಸಾಲು ಬರೆಯಲು ಹೇಳಿದೆ. ಆಟ ಅಂದುಕೊಂಡ. ನಾಲ್ಕು ಬರೆದು ಫೋಟೋ ಕಳಿಸಿದ. ಮೂರನೆಯದು "ಅಕ್ಕನಷ್ಟು ಜಾಣ ಅಲ್ಲ" ಅಂತ ಇದೆ. ಅದನ್ನು ಹೊಡೆದು ಹಾಕು ಅಂತ ಹೇಳಲು ಬಾಯಿ ಬರಲಿಲ್ಲ, ನಾನು ಈಗ ಹೇಳಿದರೆ ಹೋಗುವಂಥದ್ದಲ್ಲ ಅದು. ತಡವಾದ ಅಕ್ಷರ, ನಿಮ್ಮನ್ನೇ ಕೇಳುತ್ತೇನೆ. ಆಗ ನಿಮ್ಮ ಮನೆಯವರು ಏನು ಹೇಳಿದ್ದರೆ ನಿಮಗೆ ಸಹಾಯ ಆಗುತ್ತಿತ್ತು?

ತಡವಾದ ಅಕ್ಷರ ಬರೆದದ್ದು:

ಹೇಳುವುದು ಬೇಡವಾಗಿತ್ತು. ಯಾರಾದರೂ ಅರ್ಧ ಗಂಟೆ ಪಕ್ಕದಲ್ಲಿ ಕೂತು, ತಿದ್ದದೆ, ನಾನು ಹೇಗೆ ಓದುತ್ತೇನೆ ಅಂತ ನೋಡಿದ್ದರೆ ಸಾಕಿತ್ತು. ರಜೆಗೆ ಹೋದಾಗ ಅವನ ಹತ್ತಿರ ಒಂದು ಲೆಕ್ಕ ಮಾಡಿಸಿ, ನೀವು ಬಾಯಿ ಬಿಡಬೇಡಿ. ಎಲ್ಲಿ ನಿಲ್ಲುತ್ತಾನೆ ಅಂತ ನೋಡಿ. ಅವನಿಗೆ ಪ್ರಶ್ನೆ ಓದಲು ಕಷ್ಟವೋ, ಲೆಕ್ಕ ಮಾಡಲು ಕಷ್ಟವೋ, ಅಥವಾ ನೀವು ಪಕ್ಕದಲ್ಲಿ ಕೂತರೆ ಭಯವೋ? ನೋಡಿ ಬಂದು ಇಲ್ಲಿ ಬರೆಯಿರಿ, ನಾನು ಕಾಯುತ್ತಿರುತ್ತೇನೆ.