ಸೌಂಡ್ ಡ್ರೈವರ್ ಪ್ಯಾಕೇಜ್: ಡೆಬಿಯನ್ 12ರಲ್ಲಿ ಕಂಪೈಲ್ ಆಗುತ್ತದೆ, 13ರಲ್ಲಿ ಎರರ್

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಒಂದು ಹಳೆಯ ಪಿಸಿಐ ಸೌಂಡ್ ಕಾರ್ಡ್ ಇದೆ. ಅದರ ಡ್ರೈವರ್ ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಜೊತೆ ಬರುವುದಿಲ್ಲ, ಸೋರ್ಸ್ ಮಾತ್ರ ಸಿಗುತ್ತದೆ. ಡಿಕೆಎಂಎಸ್ (ಆಯಾ ಕರ್ನಲ್‌ಗೆ ತಕ್ಕಂತೆ ಡ್ರೈವರ್ ಕಂಪೈಲ್ ಮಾಡುವ ಟೂಲ್) ಬಳಸಿ ಡೆಬ್ ಪ್ಯಾಕೇಜ್ ಮಾಡಿ, ಇದೇ ಕಾರ್ಡ್ ಇರುವ ಗೆಳೆಯರಿಗೂ ಕೊಡುತ್ತೇನೆ. ಡೆಬಿಯನ್ 12ರಲ್ಲಿ (ಕರ್ನಲ್ 6.1) ಏನೂ ತೊಂದರೆ ಇರಲಿಲ್ಲ. 13ಕ್ಕೆ (ಕರ್ನಲ್ 6.12) ಬಂದ ಮೇಲೆ "ಬ್ಯಾಡ್ ರಿಟರ್ನ್ ಸ್ಟೇಟಸ್" ಅಂತ ಬಂದು ನಿಲ್ಲುತ್ತಿದೆ. ಹೆಡರ್ ಪ್ಯಾಕೇಜ್ (ಡ್ರೈವರ್ ಕಂಪೈಲ್ ಮಾಡಲು ಬೇಕಾದ ಕರ್ನಲ್ ಫೈಲ್‌ಗಳು) ಹಾಕಿದ್ದೇನೆ. ಹಳೆಯ ಜಿಸಿಸಿ ಕಂಪೈಲರ್ ಹಾಕಿಕೊಂಡರೆ ಸರಿಹೋಗುತ್ತದಾ?

ಉತ್ತರ

ಜಿಸಿಸಿ ಮುಟ್ಟಬೇಡಿ. ಆ ಕೊನೆಯ ಸಾಲು "ಕೆಲಸ ಆಗಲಿಲ್ಲ" ಅಂತ ಮಾತ್ರ ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ. ವಾರ್ ಲಿಬ್ ಡಿಕೆಎಂಎಸ್ ಡೈರೆಕ್ಟರಿ ಒಳಗೆ ನಿಮ್ಮ ಮಾಡ್ಯೂಲ್ (ಡ್ರೈವರ್) ಹೆಸರಿನ ಫೋಲ್ಡರ್ ಇರುತ್ತದೆ. ಅದರಲ್ಲಿ ಮೇಕ್ ಡಾಟ್ ಲಾಗ್ ಫೈಲ್ ತೆರೆದು ಮೇಲಿನಿಂದ ಓದಿ. ಮೊದಲು ಸಿಗುವ ಎರರ್ ಯಾವುದು ಅಂತ ಹೇಳಿ. ಅದರ ಕೆಳಗಿನವು ಎಷ್ಟೋ ಸಲ ಅದರಿಂದಲೇ ಹುಟ್ಟಿದವು.

ಪ್ರಶ್ನೆ ಕೇಳಿದವರು

ನೋಡಿದೆ ಸರ್. ಎಸ್‌ಟಿಆರ್‌ಎಲ್‌ಸಿಪಿವೈ ಫಂಕ್ಷನ್‌ಗೆ "ಇಂಪ್ಲಿಸಿಟ್ ಡಿಕ್ಲರೇಷನ್" ಅಂತ ಇದೆ (ಅಂದರೆ ಸ್ಟ್ರಿಂಗ್ ಕಾಪಿ ಮಾಡುವ ಈ ಫಂಕ್ಷನ್ ಎಲ್ಲೂ ಘೋಷಣೆ ಆಗಿಲ್ಲ). ಇನ್ನೊಂದು ಫೈಲ್‌ನಲ್ಲಿ ಎಎಸ್‌ಎಂ ಫೋಲ್ಡರಿನ ಅನ್‌ಅಲೈನ್ಡ್ ಹೆಡರ್ ಸಿಗುತ್ತಿಲ್ಲವಂತೆ.

ಉತ್ತರ

ಹಾಗಾದರೆ ಕಾರಣ ಸ್ಪಷ್ಟ. ಕರ್ನಲ್ ಬದಲಾಗಿದೆ, ಡ್ರೈವರ್ ಹಾಗೇ ಉಳಿದಿದೆ. ಆ ಫಂಕ್ಷನ್ ಅನ್ನು 2024ರಲ್ಲಿ ಬಂದ 6.8ರಿಂದಲೇ ತೆಗೆದುಹಾಕಿದ್ದಾರೆ. ಇಲ್ಲದ ಫಂಕ್ಷನ್ ಅನ್ನು ಹಳೆಯ ಕಂಪೈಲರ್ ಎಲ್ಲಿಂದ ತರುತ್ತದೆ, ಅಲ್ವಾ? ಎರರ್ ಅನ್ನು ವಾರ್ನಿಂಗ್ ಮಾಡುವ ಫ್ಲ್ಯಾಗ್ ಕೂಡ ಹಾಕಬೇಡಿ. ಆಮೇಲೆ ಮಾಡ್‌ಪೋಸ್ಟ್ ಹಂತದಲ್ಲಿ (ಮಾಡ್ಯೂಲಿಗೆ ಬೇಕಾದ ಫಂಕ್ಷನ್‌ಗಳು ಕರ್ನಲ್‌ನಲ್ಲಿ ಇವೆಯಾ ಅಂತ ನೋಡುವ ಹಂತ) ಸಿಕ್ಕಿಬೀಳುತ್ತದೆ.

ಸೌಂಡ್ ಡ್ರೈವರ್‌ಗಳು ಇದನ್ನು ಹೆಚ್ಚಾಗಿ ಕಾರ್ಡಿನ ಹೆಸರು ತುಂಬಲು ಬಳಸುತ್ತವೆ. ಆಲ್ಸಾದಲ್ಲಿ (ಲಿನಕ್ಸ್‌ನ ಸೌಂಡ್ ವ್ಯವಸ್ಥೆ) ಡ್ರೈವರ್ ಹೆಸರಿಗೆ 16 ಬೈಟ್, ಶಾರ್ಟ್‌ನೇಮ್‌ಗೆ 32, ಲಾಂಗ್‌ನೇಮ್‌ಗೆ 80 ಬೈಟ್ ಜಾಗ ಇದೆ. ಅಲ್ಲೆಲ್ಲ ಎಸ್‌ಟಿಆರ್‌ಎಸ್‌ಸಿಪಿವೈ ಅಂತ ಬದಲಾಯಿಸಿ. 'ಎಲ್' ಜಾಗಕ್ಕೆ 'ಎಸ್', ಅಷ್ಟೇ. ಆರ್ಗ್ಯುಮೆಂಟ್‌ಗಳ ಕ್ರಮ ಅದೇ. ಇದು 4.3ರಿಂದಲೂ ಕರ್ನಲ್‌ನಲ್ಲಿ ಇರುವುದರಿಂದ ಡೆಬಿಯನ್ 12ರ ಗೆಳೆಯರಿಗೂ ಇದೇ ಕೋಡ್ ನಡೆಯುತ್ತದೆ.

ಒಂದು ಕಡೆ ಮಾತ್ರ ಹುಷಾರು. ಹಳೆಯದು ವಾಪಸ್ ಕೊಡುತ್ತಿದ್ದುದು ಮೂಲ ಸ್ಟ್ರಿಂಗಿನ ಉದ್ದ. ಹೊಸದು ಕಾಪಿ ಆದ ಅಕ್ಷರಗಳ ಲೆಕ್ಕ ಕೊಡುತ್ತದೆ, ಜಾಗ ಸಾಲದಿದ್ದರೆ ನೆಗೆಟಿವ್ ಎರರ್ ಕೊಡುತ್ತದೆ. ರಿಟರ್ನ್ ವ್ಯಾಲ್ಯೂ ಬಳಸಿದ ಸಾಲು ಇದ್ದರೆ ಅದನ್ನು ಕೈಯಾರೆ ತಿದ್ದಲೇಬೇಕು. ಸುಮ್ನೆ ಹೆಸರು ಬದಲಿಸಿದರೆ ಕಂಪೈಲ್ ಆಗುತ್ತದೆ, ಆದರೆ ತಪ್ಪು ನಡೆಯುತ್ತದೆ. ಇಂಥ ತಪ್ಪು ಹುಡುಕುವುದು ಜಾಸ್ತಿ ಕಷ್ಟ.

ಅನ್‌ಅಲೈನ್ಡ್ ಹೆಡರ್ 6.12ರಲ್ಲಿ ಎಎಸ್‌ಎಂ ಫೋಲ್ಡರಿನಿಂದ ಲಿನಕ್ಸ್ ಫೋಲ್ಡರಿಗೆ ಹೋಗಿದೆ. 6.1ರಲ್ಲಿ ಹೊಸ ಜಾಗದಲ್ಲಿ ಅದು ಇಲ್ಲ. ಹಾಗಾಗಿ ಇಲ್ಲಿ ಮಾತ್ರ ಕರ್ನಲ್ ವರ್ಷನ್ ನೋಡುವ ಇಫ್-ಎಲ್ಸ್ ಬೇಕು.

ಪ್ರಶ್ನೆ ಕೇಳಿದವರು

ಎರಡೂ ಹೋದವು, ನನ್ನ ಮಷೀನ್‌ನಲ್ಲಿ ಕಾರ್ಡ್ ಹಾಡುತ್ತಿದೆ! ಆದರೆ ಉಬುಂಟು ಬಳಸುವ ಗೆಳೆಯರೊಬ್ಬರು ಡೆಬಿಯನ್ 13ರ ಕಂಟೇನರ್‌ನಲ್ಲಿ ಬಿಲ್ಡ್ ಮಾಡಿ ನೋಡಿದರು. ಅಲ್ಲಿ "ಲಿಬ್ ಮಾಡ್ಯೂಲ್ಸ್ ಒಳಗೆ ಬಿಲ್ಡ್ ಡೈರೆಕ್ಟರಿ ಇಲ್ಲ" ಅಂತ ಬರುತ್ತಿದೆ. 6.12ರ ಹೆಡರ್ ಹಾಕಿದ್ದಾರೆ.

ಉತ್ತರ

ನಿಮ್ಮ ಮೇಕ್‌ಫೈಲ್‌ನಲ್ಲಿ ಯುನೇಮ್ ಕಮಾಂಡ್ ಇದ್ದೇ ಇರುತ್ತದೆ, ನೋಡಿ. ಕಂಟೇನರ್‌ಗೆ ಸ್ವಂತ ಕರ್ನಲ್ ಇರುವುದಿಲ್ಲ, ಹೊರಗಿನ ಉಬುಂಟು ಕರ್ನಲ್ಲೇ ಓಡುತ್ತಿರುತ್ತದೆ. ಯುನೇಮ್ ಅದರ ನಂಬರ್ ಕೊಡುತ್ತದೆ, ಮೇಕ್ ಆ ನಂಬರಿನ ಹೆಡರ್ ಹುಡುಕುತ್ತದೆ. ನಿಮ್ಮ ಮನೆಯಲ್ಲಿ ಎರಡೂ ಒಂದೇ ಆಗಿದ್ದರಿಂದ ಗೊತ್ತಾಗಲಿಲ್ಲ.

ಡಿಕೆಎಂಎಸ್ ಕಾನ್ಫಿಗ್ ಫೈಲ್‌ನ ಮೇಕ್ ಸಾಲಿನಲ್ಲಿ ಕರ್ನಲ್‌ವರ್ ಅನ್ನುವ ವೇರಿಯಬಲ್ ಬಳಸಿ. ಯಾವ ಕರ್ನಲ್‌ಗೆ ಕಟ್ಟಬೇಕೋ ಅದರ ನಂಬರ್ ಅಲ್ಲಿಗೆ ತಾನಾಗಿ ಬರುತ್ತದೆ. ಕಂಟೇನರ್‌ನಲ್ಲಿ ಬಿಲ್ಡ್ ಮಾಡುವಾಗ ಮೈನಸ್ ಕೆ ಆಪ್ಷನ್ ಜೊತೆ 6.12ರ ಪೂರ್ತಿ ಹೆಸರು ಕೊಡಲಿ.

ಪ್ರಶ್ನೆ ಕೇಳಿದವರು

ಆಯಿತು ಸರ್, ಅಲ್ಲೂ ಬಿಲ್ಡ್ ಆಯಿತು. ಪ್ಯಾಚ್‌ಗಳನ್ನು ಪ್ಯಾಕೇಜ್ ಒಳಗೇ ಸೇರಿಸಿ ಹೊಸ ವರ್ಷನ್ ನಂಬರ್ ಹಾಕುತ್ತಿದ್ದೇನೆ. ತುಂಬಾ ಧನ್ಯವಾದ.