ಹೆಣೆದ ಕ್ರೋಶಾ ಆಕಾರ ಬಿಡದೆ ನಿಲ್ಲಬೇಕೆಂದರೆ: ಪ್ರಶ್ನೋತ್ತರ

ಲೇಸ್ ಸಂರಕ್ಷಕಿ: ಎಲ್ಲರಿಗೂ ನಮಸ್ಕಾರ. ಹಳೆಯ ಲೇಸ್ ಮತ್ತು ಕ್ರೋಶಾ ವಸ್ತುಗಳನ್ನು ತೊಳೆದು, ದುರಸ್ತಿ ಮಾಡಿ ಕಾಪಿಡುವುದು ನನ್ನ ವೃತ್ತಿ. ಹೆಣೆದದ್ದನ್ನು ಬಿಗಿಗೊಳಿಸುವ ಬಗ್ಗೆ ಏನಿದ್ದರೂ ಕೇಳಿ. ನೂಲು ಯಾವುದು, ವಸ್ತುವಿನ ಬಳಕೆ ಏನು ಎಂಬ ಎರಡು ಮಾತನ್ನು ಮಾತ್ರ ತಪ್ಪದೆ ಬರೆಯಿರಿ. ಅವಿಲ್ಲದೆ ಉತ್ತರ ಹೇಳುವುದು ಕಷ್ಟ.

ಹೊಸ ಕಡ್ಡಿ: ಮೇಡಂ, ಹತ್ತಿ ದಾರದಲ್ಲಿ ನಕ್ಷತ್ರಗಳನ್ನು ಹೆಣೆದಿದ್ದೇನೆ. ಕಿಟಕಿಗೆ ತೂಗುಹಾಕುವ ಆಸೆ. ತುದಿಗಳು ಮುದುಡಿಕೊಳ್ಳುತ್ತಿವೆ. ಏನು ಹಾಕಲಿ?

ಲೇಸ್ ಸಂರಕ್ಷಕಿ: ಹತ್ತಿಗೆ ಗಂಜಿಯೇ ಸಾಕು. ಎರಡು ದೊಡ್ಡ ಚಮಚ ಕಾರ್ನ್‌ಫ್ಲೋರ್ ಅನ್ನು ಸ್ವಲ್ಪ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ. ಒಟ್ಟು 250 ಮಿಲಿ ಆಗುವಷ್ಟು ಬಿಸಿನೀರು ಬೆರೆಸಿ, ಸಣ್ಣ ಉರಿಯಲ್ಲಿ ಕೈಬಿಡದೆ ಕಲಕಿ. ಬೆಳ್ಳಗಿನ ನೀರು ತಿಳಿಯಾಗಿ ಮಂದವಾದಾಗ ಇಳಿಸಿ. ಈ ಕುದಿಯನ್ನು ತಪ್ಪಿಸಬೇಡಿ. ಮೆಕ್ಕೆಜೋಳದ ಪಿಷ್ಟದ ಕಣಗಳು 62 ರಿಂದ 72 ಡಿಗ್ರಿ ಸೆಲ್ಸಿಯಸ್ ನಡುವೆ ನೀರು ಕುಡಿದು ಉಬ್ಬಿ ಒಡೆಯುತ್ತವೆ. ಒಡೆದ ಮೇಲೆಯೇ ಅವು ಎಳೆಯ ಸುತ್ತ ಪೊರೆಯಾಗಿ ಕೂರುವುದು. ಹಸಿ ಹಿಟ್ಟಿನ ನೀರಿನಲ್ಲಿ ಅದ್ದಿದರೆ ಒಣಗಿದ ಮೇಲೆ ಪುಡಿ ಉದುರುತ್ತದೆ, ಅಷ್ಟೇ.

ಉಗುರುಬೆಚ್ಚಗಾದ ಮೇಲೆ ನಕ್ಷತ್ರವನ್ನು ಅದ್ದಿ. ಹಿಂಡಬೇಡಿ, ಎರಡು ಟವೆಲ್‌ಗಳ ನಡುವೆ ಒತ್ತಿ. ಪ್ಲಾಸ್ಟಿಕ್ ಹಾಳೆ ಹೊದಿಸಿದ ಥರ್ಮಾಕೋಲ್ ಮೇಲೆ ಹರಡಿ, ತುಕ್ಕು ಹಿಡಿಯದ ಗುಂಡುಪಿನ್ನುಗಳನ್ನು ಮೊದಲು ಎದುರುಬದುರಿನ ತುದಿಗಳಿಗೆ, ಆಮೇಲೆ ನಡುವಿನವಕ್ಕೆ ಚುಚ್ಚಿ. ಪೂರ್ತಿ ಒಣಗುವ ತನಕ ತೆಗೆಯಬೇಡಿ.

ನೀಲಿ ನೂಲು: ಗಂಜಿಯ ಬದಲು ಸಕ್ಕರೆ ಪಾಕ ಹಾಕಬಹುದೇ?

ಲೇಸ್ ಸಂರಕ್ಷಕಿ: ಬೇಡ. ಸಕ್ಕರೆ ಗಾಳಿಯ ತೇವವನ್ನು ಹೀರಿ ಅಂಟಂಟಾಗುತ್ತದೆ, ಇರುವೆ ಕರೆಯುತ್ತದೆ, ವರ್ಷ ಕಳೆದಂತೆ ಕಂದುಬಣ್ಣಕ್ಕೆ ತಿರುಗುತ್ತದೆ.

ಸಂಜೆ ಹೆಣಿಗೆ: ಅಕ್ರಿಲಿಕ್ ನೂಲಿನ ಸಣ್ಣ ಬುಟ್ಟಿ. ಮೂರು ಸಲ ಗಂಜಿ ಹಾಕಿದೆ, ಪ್ರತಿ ಸಲವೂ ಗೋಡೆ ಕುಸಿಯಿತು. ಇಸ್ತ್ರಿಯ ಹಬೆ ಕೊಟ್ಟೆ, ಇನ್ನಷ್ಟು ಮೆತ್ತಗಾಯಿತು. ಎಲ್ಲಿ ತಪ್ಪಿದೆ?

ಲೇಸ್ ಸಂರಕ್ಷಕಿ: ತಪ್ಪು ನಿಮ್ಮ ಕೈಯದಲ್ಲ, ನೂಲಿನ ಗುಣ. ಸಾಮಾನ್ಯ ಹವೆಯಲ್ಲಿ ಹತ್ತಿ ತನ್ನ ಒಣ ತೂಕದ ಸುಮಾರು ಶೇಕಡಾ 8.5ರಷ್ಟು ತೇವವನ್ನು ಒಳಗೆ ಇಟ್ಟುಕೊಳ್ಳುತ್ತದೆ. ಅಕ್ರಿಲಿಕ್ ಇಟ್ಟುಕೊಳ್ಳುವುದು ಶೇಕಡಾ 2ರ ಆಸುಪಾಸು. ನೀರನ್ನೇ ಒಳಗೆ ಬಿಡದ ಎಳೆಗೆ ನೀರಿನಲ್ಲಿ ಕರಗಿದ ಗಂಜಿ ಹೇಗೆ ಹಿಡಿಯಬೇಕು? ಇನ್ನು ಹಬೆ: ಅಕ್ರಿಲಿಕ್ ಪ್ಲಾಸ್ಟಿಕ್. ಬಿಸಿ ತಾಕಿದರೆ ಎಳೆಯ ಸುರುಳಿ, ಪುಟಿತ ಎರಡೂ ಹೋಗುತ್ತವೆ, ಮರಳಿ ಬರುವುದಿಲ್ಲ. ಈ ಬುಟ್ಟಿಗೆ ಒಳಗಿನಿಂದ ರಟ್ಟಿನ ಅಥವಾ ಪ್ಲಾಸ್ಟಿಕ್ ಜಾಲರಿಯ ಗೋಡೆ ಹೊಲಿಯಿರಿ. ಮುಂದಿನ ಬುಟ್ಟಿಯನ್ನು ಹತ್ತಿ ದಾರದಲ್ಲಿ, ಒಂದು ಅಳತೆ ಸಣ್ಣ ಕಡ್ಡಿಯಿಂದ, ಎರಡೆಳೆ ಸೇರಿಸಿ ಹೆಣೆಯಿರಿ. ಬಿಗಿಯ ಅರ್ಧ ಪಾಲು ಹೆಣಿಗೆಯಲ್ಲೇ ಬರಬೇಕು.

ಎರಡೆಳೆ: ಕಪ್ಪು ದಾರದ ಕಿವಿಯೋಲೆಗಳಿಗೆ ಬಿಳಿ ಅಂಟು ಹಚ್ಚಿದರೆ ಒಣಗಿದ ಮೇಲೆ ಬೂದುಬಣ್ಣದ ಮಬ್ಬು ಉಳಿಯುತ್ತದೆ. ಪರಿಹಾರವಿದೆಯೇ?

ಮೂರನೇ ಗಂಟು: ಇಷ್ಟೆಲ್ಲ ಕಷ್ಟ ಏಕೆ? ನನಗೆ ಬಂದ ಸಂದೇಶವನ್ನು ಹಾಗೆಯೇ ಹಾಕುತ್ತಿದ್ದೇನೆ: "ಕ್ರೋಶಾ ಹೂವಿನ ಮೇಲೆ ಅಡುಗೆ ಸೋಡಾ ಉದುರಿಸಿ, ಸೂಪರ್ ಗ್ಲೂ ಸುರಿಯಿರಿ. 10 ಸೆಕೆಂಡುಗಳಲ್ಲಿ ಕಲ್ಲಿನಂತೆ ಗಟ್ಟಿ! ಎಲ್ಲರಿಗೂ ಕಳುಹಿಸಿ."

ಲೇಸ್ ಸಂರಕ್ಷಕಿ: ದಯವಿಟ್ಟು ಇದನ್ನು ಯಾರೂ ಮಾಡಬೇಡಿ. ಯಾರಿಗೂ ಕಳುಹಿಸಬೇಡಿ. ಕೈಯಲ್ಲಿ ಹೂವು, ಅಂಟು ಹಿಡಿದುಕೊಂಡೇ ಓದುತ್ತಿದ್ದರೆ ಕೆಳಗಿಡಿ.

ಸೂಪರ್ ಗ್ಲೂ ಎಂದರೆ ಸಯನೋಅಕ್ರಿಲೇಟ್. ಅದು ಒಣಗಿ ಗಟ್ಟಿಯಾಗುವ ಅಂಟಲ್ಲ. ತೇವ ಸೋಕಿದ ಕೂಡಲೇ ಅದರ ಅಣುಗಳು ಸರಪಳಿಯಾಗಿ ಬೆಸೆದುಕೊಳ್ಳುತ್ತವೆ, ಬೆಸೆಯುವಾಗ ಶಾಖ ಬಿಡುತ್ತವೆ. ಗಾಜಿನ ಮೇಲೆ ಒಂದು ಹನಿ ಹಾಕಿದರೆ ಆ ಶಾಖ ತಿಳಿಯುವುದೂ ಇಲ್ಲ. ಹತ್ತಿ ಹಾಗಲ್ಲ. ನಾರು ನಾರಿನಲ್ಲೂ ತೇವವಿದೆ, ಸಾವಿರಾರು ನಾರುಗಳ ಮೈಯೆಲ್ಲ ಸೇರಿದರೆ ಅಂಟಿಗೆ ಸಿಗುವ ಜಾಗ ಬಹಳ ದೊಡ್ಡದು. ಸುರಿದದ್ದೆಲ್ಲ ಒಂದೇ ಬಾರಿಗೆ ಬೆಸೆದು, ಒಂದೇ ಬಾರಿಗೆ ಬಿಸಿಯಾಗುತ್ತದೆ. ಕಣ್ಣು ಮೂಗು ಉರಿಸುವ ಹೊಗೆ ಏಳುತ್ತದೆ, ಚರ್ಮ ಸುಡುತ್ತದೆ, ಹತ್ತಿಗೆ ಬೆಂಕಿ ಹತ್ತುವುದೂ ಉಂಟು. ಉಣ್ಣೆಗೂ ಇದೇ ಅಪಾಯ. ಅಡುಗೆ ಸೋಡಾ ಆ ಕ್ರಿಯೆಯನ್ನು ಇನ್ನೂ ವೇಗಗೊಳಿಸುತ್ತದೆ. ಸಂದೇಶ ಹೊಗಳುತ್ತಿರುವ "10 ಸೆಕೆಂಡು" ಅದೇ.

ಯಾರದಾದರೂ ಬಟ್ಟೆಯ ಮೇಲೆ ಚೆಲ್ಲಿ ಬಿಸಿಯಾದರೆ ಬಟ್ಟೆಯನ್ನು ಚರ್ಮದಿಂದ ಕಿತ್ತು ತೆಗೆಯಬೇಡಿ, ಚರ್ಮವೂ ಜೊತೆಗೆ ಬರುತ್ತದೆ. ತಣ್ಣೀರನ್ನು ಧಾರಾಳವಾಗಿ ಸುರಿಯುತ್ತಾ ವೈದ್ಯರ ಬಳಿಗೆ ಹೋಗಿ. ಹತ್ತಿಯ ಕೈಗವಸು ತೊಟ್ಟು ಈ ಅಂಟನ್ನು ಮುಟ್ಟುವುದೂ ತಪ್ಪು.

ಮೂರನೇ ಗಂಟು: ನಾನು ಮಾಡಿ ನೋಡಿಲ್ಲ, ಬಂದದ್ದನ್ನು ಹಾಕಿದೆ ಅಷ್ಟೇ.

ಲೇಸ್ ಸಂರಕ್ಷಕಿ: ಮಾಡಿ ನೋಡದ್ದನ್ನು ಏಕೆ ಹಾಕಿದಿರಿ? ಈ ಗುಂಪಿನಲ್ಲಿ ಮಕ್ಕಳ ಜೊತೆ ಕುಳಿತು ಹೆಣೆಯುವವರು ಇದ್ದಾರೆ. ಅಳಿಸಿಬಿಡಿ.

ನೀಲಿ ನೂಲು: ಮೇಡಂ, ಸಕ್ಕರೆಯ ಬಗ್ಗೆ ಒಂದು ಮಾತು. ನಮ್ಮ ಚಿಕ್ಕಮ್ಮ ಪಾಕ ಹಾಕಿದ ಹೂಬುಟ್ಟಿ ಗಾಜಿನ ಕಪಾಟಿನಲ್ಲಿ ಮೂವತ್ತು ವರ್ಷಗಳಿಂದ ನಿಂತಿದೆ.

ಬಿಳಿ ದಾರ: ಒಂದು ಬುಟ್ಟಿ ನಿಂತಿತೆಂದು ಎಲ್ಲವೂ ನಿಲ್ಲುತ್ತವೆಯೇ? ಇವತ್ತಿನ ಕಾಲದಲ್ಲಿ ಬಿಳಿ ಅಂಟು ಬಿಟ್ಟು ಬೇರೆ ಯೋಚನೆಯೇ ಬೇಡ. ಅಂಟು ಒಂದು ಪಾಲು, ನೀರು ಒಂದು ಪಾಲು. ಜನ್ಮಕ್ಕೂ ಕದಲುವುದಿಲ್ಲ.

ನೀಲಿ ನೂಲು: ಅಂಟು ಎಂದರೆ ಪ್ಲಾಸ್ಟಿಕ್. ಒಳ್ಳೆಯ ಹತ್ತಿಗೆ ಪ್ಲಾಸ್ಟಿಕ್ ಬಳಿಯುವುದಕ್ಕಿಂತ ಇರುವೆ ಓಡಿಸುವುದು ಮೇಲು.

ಬಿಳಿ ದಾರ: ಇರುವೆ ಮುತ್ತಿದ ವಸ್ತುವನ್ನು ಯಾರಿಗಾದರೂ ಉಡುಗೊರೆ ಕೊಡುತ್ತೀರಾ? ನಾನು ಮಾರಾಟಕ್ಕೆ ಮಾಡುವವಳು. ನನಗೆ ಅನುಭವ ಇದೆ.

ಸಂಜೆ ಹೆಣಿಗೆ: ಬಿಳಿ ದಾರ ಅವರೇ, ನಿಮ್ಮಿಂದ ಕೊಂಡ ಬಟ್ಟಲು ಬಿಸಿಲಿನಲ್ಲಿ ನಿಲ್ಲಿಸಿದ್ದ ಕಾರಿನೊಳಗೆ ಅರ್ಧ ದಿನದಲ್ಲಿ ರೊಟ್ಟಿಯಂತೆ ಚಪ್ಪಟೆಯಾಯಿತು. ಹೇಳಬಾರದೆಂದಿದ್ದೆ.

ಬಿಳಿ ದಾರ: ಕಾರಿನಲ್ಲಿ ಇಡಿ ಎಂದು ನಾನು ಹೇಳಿದ್ದೆನೇ? ಹೇಳುವುದಿದ್ದರೆ ನನಗೆ ಖಾಸಗಿಯಾಗಿ ಹೇಳಬಹುದಿತ್ತು.

ಲೇಸ್ ಸಂರಕ್ಷಕಿ: ಬಟ್ಟಲು ಕುಸಿದದ್ದು ಸಹಜ. ಬಿಳಿ ಅಂಟು ಪಾಲಿವಿನೈಲ್ ಅಸಿಟೇಟ್. 30 ರಿಂದ 40 ಡಿಗ್ರಿಯ ಸುಮಾರಿಗೇ ಅದು ಗಾಜಿನಂಥ ಗಡಸನ್ನು ಬಿಟ್ಟು ರಬ್ಬರಿನಂತಾಗತೊಡಗುತ್ತದೆ. ಬಿಸಿಲಿನ ಕಾರು ಅದಕ್ಕಿಂತ ಬಹಳ ಬಿಸಿ. ತಂಪು ಜಾಗದ ಅಲಂಕಾರಕ್ಕೆ ಅಂಟು ಆಗುತ್ತದೆ. ಆದರೆ ಹಳತಾದ ಮೇಲೆ ನೀರಿಗೆ ಬಿಡುವುದಿಲ್ಲ, ನೆನಪಿರಲಿ. ಗಂಜಿಗೂ ಬೆಳ್ಳಿಮೀನು ಹುಳುವಿನ ಕಾಟವಿದೆ. ಹಾಗಾಗಿ ಗಂಜಿ ಹಾಕಿದ್ದನ್ನು ತೆಗೆದಿಡುವಾಗ ತೊಳೆದು ಇಡಬೇಕು. ನನ್ನ ಕೈಗೆ ಬರುವ ಹಾಳಾದ ವಸ್ತುಗಳಲ್ಲಿ ಹೆಚ್ಚಿನವು ಹಾಳಾಗಿರುವುದು ಬಳಸಿ ಅಲ್ಲ, ತೆಗೆಯಲಾಗದ್ದನ್ನು ಯಾರೋ ಹಚ್ಚಿದ್ದರಿಂದ. ಜಗಳ ನಿಲ್ಲಿಸಿ.

ಹೊಸ ಕಡ್ಡಿ: ನಕ್ಷತ್ರ ಒಣಗುವುದು ತಡವಾಗುತ್ತಿದೆ. ಪಿನ್ ಸಮೇತ ಎರಡು ನಿಮಿಷ ಮೈಕ್ರೋವೇವ್‌ನಲ್ಲಿ ಇಡಿ ಎಂದು ಯಾರೋ ಕಳುಹಿಸಿದ್ದಾರೆ.

ಲೇಸ್ ಸಂರಕ್ಷಕಿ: ಬೇಡ. ಲೋಹದ ಪಿನ್ ಕಿಡಿ ಹಾರಿಸುತ್ತದೆ. ಒಣಗಿದ ಹತ್ತಿ ಉರಿಯುತ್ತದೆ. ಫ್ಯಾನ್ ಕೆಳಗಿಟ್ಟು ಕಾಯಿರಿ.

ಅಜ್ಜಿಯ ಪೆಟ್ಟಿಗೆ: ಮೇಡಂ, ನನ್ನದು ಬೇರೆ ಪ್ರಶ್ನೆ. ಅಜ್ಜಿ ಹೆಣೆದ ದುಂಡು ಮೇಜುಹಾಸು, ಎರಡು ಅಡಿ ಅಗಲ, ಹತ್ತಿ ದಾರ. ಅಂಚಿನ ನೆರಿಗೆಗಳು ಹೂವಿನ ದಳಗಳಂತೆ ನೆಟ್ಟಗೆ ನಿಂತಿದ್ದ ನೆನಪು ಅಮ್ಮನಿಗಿದೆ. ಎಷ್ಟೋ ವರ್ಷ ಪೆಟ್ಟಿಗೆಯಲ್ಲಿ ನಾಲ್ಕು ಮಡಿಕೆಯಾಗಿತ್ತು. ಈಗ ರಟ್ಟಿನಂತೆ ಗಟ್ಟಿ, ಮಡಿಕೆಯ ಉದ್ದಕ್ಕೂ ಕಂದು ಗೆರೆ. ಬಿಡಿಸಲು ಹೋದಾಗ ಒಂದು ಎಳೆ ಟಕ್ಕೆಂದು ಮುರಿಯಿತು. ಹೆದರಿ ಬಿಟ್ಟುಬಿಟ್ಟೆ. ಹೊಸ ಗಂಜಿ ಹಾಕಿ ಮತ್ತೆ ನಿಲ್ಲಿಸಿ ಅಮ್ಮನಿಗೆ ತೋರಿಸಬೇಕು.

ಲೇಸ್ ಸಂರಕ್ಷಕಿ: ಬಿಟ್ಟದ್ದು ಒಳ್ಳೆಯದಾಯಿತು. ಒಣಗಿದ ಸ್ಥಿತಿಯಲ್ಲಿ ಇನ್ನೊಂದು ಮಡಿಕೆಯನ್ನೂ ಬಿಡಿಸಬೇಡಿ. ಹೊಸ ಗಂಜಿಯ ಮಾತನ್ನು ಸದ್ಯಕ್ಕೆ ಮರೆಯಿರಿ.

1940 ಮತ್ತು 50ರ ದಶಕಗಳಲ್ಲಿ ಇಂಥ ನೆರಿಗೆಯಂಚಿನ ಹಾಸುಗಳು ತುಂಬ ಬಳಕೆಯಲ್ಲಿದ್ದವು. ಸಕ್ಕರೆ ಪಾಕವನ್ನೋ ಗಟ್ಟಿ ಗಂಜಿಯನ್ನೋ ಕುಡಿಸಿ ನೆರಿಗೆ ನಿಲ್ಲಿಸುತ್ತಿದ್ದರು. ನಿಮ್ಮದರಲ್ಲಿ ಯಾವುದಿದೆ ಎಂದು ಮೊದಲು ತಿಳಿಯಬೇಕು. ಬಿಳಿ ಒತ್ತುಕಾಗದದ (ಶಾಯಿ ಹೀರುವ ಬ್ಲಾಟಿಂಗ್ ಪೇಪರ್) ಚೂರನ್ನು ಒದ್ದೆ ಮಾಡಿ, ಕಾಣದ ಮೂಲೆಯಲ್ಲಿ ಎರಡು ನಿಮಿಷ ಒತ್ತಿ ತೆಗೆಯಿರಿ. ಕಾಗದ ಕಂದಾಗಿ ಬೆರಳಿಗೆ ಅಂಟಿದರೆ ಸಕ್ಕರೆ. ಆ ಕಾಗದದ ಮೇಲೆ ಅಯೋಡಿನ್ ಹನಿ ಹಾಕಿ; ಕಡುನೀಲಿಯಾದರೆ ಗಂಜಿ. ಕಾಗದದಲ್ಲೇ ಪಿಷ್ಟವಿದ್ದರೆ ಮೋಸವಾಗುತ್ತದೆ, ಆದ್ದರಿಂದ ಒತ್ತದ ಚೂರಿಗೂ ಒಂದು ಹನಿ ಹಾಕಿ ಹೋಲಿಸಿ. ಅಯೋಡಿನ್ ಯಾವ ಕಾರಣಕ್ಕೂ ಹಾಸಿನ ಮೇಲೆ ಬೀಳಬಾರದು. ದಾರದ ಬಣ್ಣ ಬಿಡುತ್ತದೆಯೇ ಎಂದೂ ಇದೇ ಕಾಗದ ಹೇಳುತ್ತದೆ. ಬಣ್ಣ ಬಿಟ್ಟರೆ ಮುಂದುವರಿಯದೆ ನನಗೆ ಬರೆಯಿರಿ.

ಬಣ್ಣ ಬಿಡದಿದ್ದರೆ ಅಗಲವಾದ, ಆಳವಿಲ್ಲದ ತಟ್ಟೆ ತೆಗೆದುಕೊಂಡು ಅದರಲ್ಲಿ ನೈಲಾನ್ ಬಲೆ ಹಾಸಿ. ಮಡಿಸಿದ ಹಾಸನ್ನು ಹಾಗೆಯೇ ಅದರ ಮೇಲಿಟ್ಟು, ಬಟ್ಟಿ ಇಳಿಸಿದ ನೀರನ್ನು ಬದಿಯಿಂದ ನಿಧಾನವಾಗಿ ಬಿಡಿ, ಮೇಲಿನಿಂದ ಸುರಿಯಬೇಡಿ. ಅರ್ಧ ಗಂಟೆಯಾದರೂ ಮುಟ್ಟದೆ ಬಿಡಿ. ನೀರು ಹೊಕ್ಕಂತೆ ಮಡಿಕೆ ತಾನಾಗಿ ಸಡಿಲವಾಗುತ್ತದೆ, ಆಮೇಲೆ ನೀರಿನೊಳಗೇ ಬೆರಳಿನಿಂದ ಬಿಡಿಸಿ. ನೀರು ಬಣ್ಣಕ್ಕೆ ತಿರುಗಿದಾಗಲೆಲ್ಲ ಬದಲಿಸಿ. ಎತ್ತುವಾಗ ಬಲೆಯನ್ನು ಎತ್ತಿ, ಹಾಸಿನ ಅಂಚನ್ನಲ್ಲ. ನೆನೆದ ಹತ್ತಿಯ ಭಾರವನ್ನು ಆ ಹಳೆಯ ಎಳೆ ತಾಳುವುದಿಲ್ಲ.

ಬ್ಲೀಚ್ ಬೇಡ, ಉಳಿದಿರುವ ಎಳೆಯ ಬಲವನ್ನೂ ಅದು ತಿನ್ನುತ್ತದೆ. ಕಿಣ್ವಗಳಿರುವ ಬಟ್ಟೆ ಸೋಪುಪುಡಿಯೂ ಬೇಡ. ಹಳೆಯ ಗಂಜಿಯನ್ನು ಕರಗಿಸುವ ಅಮೈಲೇಸ್ ಅದರಲ್ಲಿದೆ, ನಿಜ. ಆದರೆ ಹತ್ತಿಯ ಸೆಲ್ಯುಲೋಸನ್ನೇ ಕಡಿಯುವ ಸೆಲ್ಯುಲೇಸ್ ಕೂಡ ಹಲವು ಪುಡಿಗಳಲ್ಲಿ ಇರುತ್ತದೆ. ಇಸ್ತ್ರಿ ಬೇಡವೇ ಬೇಡ. ಉಳಿದ ಸಕ್ಕರೆ, ಗಂಜಿ ಎರಡೂ ಕರಟುತ್ತವೆ. ಕಂದು ಗೆರೆ ಪೂರ್ತಿ ಹೋಗದಿರಬಹುದು. ಆ ಜಾಗದಲ್ಲಿ ಹತ್ತಿ ಆಮ್ಲೀಯವಾಗಿ ಅದರ ಅಣುಗಳ ಸರಪಳಿಗಳೇ ತುಂಡಾಗಿರುತ್ತವೆ. ಗೆರೆ ತೆಗೆಯುವ ಹಟಕ್ಕೆ ಬಿದ್ದರೆ ಗೆರೆಯ ಜಾಗದಲ್ಲಿ ತೂತು ಉಳಿಯುತ್ತದೆ.

ನೆರಿಗೆ ನಿಲ್ಲಿಸುವ ಆಸೆ ಅರ್ಥವಾಗುತ್ತದೆ. ಮೇಜುಹಾಸಿಗೆ ಏನನ್ನೂ ಹಚ್ಚದೆ ಅದನ್ನು ಮಾಡಬಹುದು: ಬಿಗಿಯಾದ ನೈಲಾನ್ ಬಲೆಯಿಂದ ದಳಗಳ ಆಕಾರದ ಆಸರೆ ಮಾಡಿ ನೆರಿಗೆಯ ಕೆಳಗೆ ಕೂರಿಸಿ. ತೋರಿಸುವ ದಿನ ಆಸರೆ ಇರಲಿ, ಉಳಿದ ದಿನ ತೆಗೆದು, ಹಾಸನ್ನು ಮಡಿಸದೆ ಆಮ್ಲರಹಿತ ಕಾಗದದ ಉರುಳೆಗೆ ಸುತ್ತಿಡಿ.

ನೀಲಿ ನೂಲು: ಹಾಗಾದರೆ ಹಿಂದಿನವರು ಸಕ್ಕರೆ ಹಾಕುತ್ತಿದ್ದರು ಎಂದು ನೀವೇ ಒಪ್ಪಿದಿರಿ!

ಲೇಸ್ ಸಂರಕ್ಷಕಿ: ಹಾಕುತ್ತಿದ್ದರು. ಅದರ ಫಲವನ್ನು ಮೇಲೆ ಓದಿದಿರಲ್ಲ.

ಎರಡೆಳೆ: ಕಪ್ಪು ಕಿವಿಯೋಲೆಯ ಮಬ್ಬಿನ ಬಗ್ಗೆ ಕೇಳಿದ್ದೆ. ಯಾರಾದರೂ ಹೇಳಿ.

ಬಿಳಿ ದಾರ: ನನ್ನ ಬಟ್ಟಲಿನ ವಿಷಯಕ್ಕೆ ಬರುತ್ತೇನೆ. ಸಂಜೆ ಹೆಣಿಗೆ ಅವರು ಕೊಂಡಾಗ ಬಿಸಿಲಿಗೆ ಇಡಬೇಡಿ ಎಂದು ಚೀಟಿ ಹಾಕಿದ್ದೆ.

ಸಂಜೆ ಹೆಣಿಗೆ: ಚೀಟಿ ಇರಲಿಲ್ಲ.

ಬಿಳಿ ದಾರ: ಇತ್ತು.

ಮೂರನೇ ಗಂಟು: ಸಕ್ಕರೆ ಪಾಕದ ಅಳತೆ ಎಷ್ಟು ಎಂದು ಯಾರೂ ಹೇಳಲೇ ಇಲ್ಲ.

ಲೇಸ್ ಸಂರಕ್ಷಕಿ: ಹೇಳುವುದಿಲ್ಲ. ಮೂರನೇ ಸಲ. ನಿಮ್ಮ ಸೂಪರ್ ಗ್ಲೂ ಸಂದೇಶ ಇನ್ನೂ ಅಲ್ಲೇ ಇದೆ, ಮೊದಲು ಅದನ್ನು ಅಳಿಸಿ.

ಅಜ್ಜಿಯ ಪೆಟ್ಟಿಗೆ: ಮೇಡಂ, ಕಾಗದ ಕಂದಾಗಿ ಅಂಟಿತು, ಅಯೋಡಿನ್‌ಗೆ ನೀಲಿ ಬರಲಿಲ್ಲ. ಸಕ್ಕರೆಯೇ. ಈಗ ಮೂರನೇ ನೀರಿನಲ್ಲಿದೆ. ಮೊದಲನೆಯದು ಕಷಾಯದ ಬಣ್ಣವಾಗಿತ್ತು, ಇದು ತಿಳಿ ಹಳದಿ. ಮಡಿಕೆಗಳು ತಾವಾಗಿಯೇ ಬಿಚ್ಚಿಕೊಂಡವು, ಮತ್ತೆ ಎಳೆ ಮುರಿಯಲಿಲ್ಲ. ಒಳಗಿನ ಸುತ್ತಿನಲ್ಲಿ ಒಂದು ದಳವನ್ನು ಅಜ್ಜಿ ಬೇರೆ, ದಪ್ಪ ದಾರದಿಂದ ಹೆಣೆದಿದ್ದಾರೆ. ದಾರ ಸಾಲದೆ ಹೋಗಿರಬೇಕು. ಅಮ್ಮನಿಗೂ ಇದು ಗೊತ್ತಿರಲಿಲ್ಲ.

ಲೇಸ್ ಸಂರಕ್ಷಕಿ: ಆ ದಳವನ್ನು ಸರಿಪಡಿಸಲು ಹೋಗಬೇಡಿ, ಅಜ್ಜಿಯ ಕೈ ಅಲ್ಲಿದೆ. ದಪ್ಪ ದಾರ ಸಕ್ಕರೆಯನ್ನು ಹೆಚ್ಚು ಹಿಡಿದಿರುತ್ತದೆ, ಬಿಡುವುದೂ ತಡ. ಆ ದಳದ ಮೇಲೆ ಒತ್ತುಕಾಗದ ಇಟ್ಟು ನೋಡಿ; ಅಂಟುವುದು ಪೂರ್ತಿ ನಿಲ್ಲುವವರೆಗೆ ನೀರು ಬದಲಿಸುತ್ತಿರಿ. ಆಮೇಲೆ ಬಲೆ ಸಮೇತ ಎತ್ತಿ ಬಿಳಿ ಟವೆಲ್ ಮೇಲಿಟ್ಟು, ನೆರಿಗೆಗಳನ್ನು ಒದ್ದೆಯಿರುವಾಗಲೇ ಬೆರಳಿನಿಂದ ಒಂದೊಂದಾಗಿ ಎಬ್ಬಿಸಿ ನೆರಳಿನಲ್ಲಿ ಒಣಗಿಸಿ. ಮುರಿದ ಎಳೆಯ ತುದಿಗಳನ್ನು ಕತ್ತರಿಸಬೇಡಿ. ಒಣಗಿದ ಮೇಲೆ ಚಿತ್ರ ಕಳುಹಿಸಿ, ಎಲ್ಲಿ ಹೊಲಿಗೆ ಹಾಕಬೇಕೆಂದು ಗುರುತು ಮಾಡಿ ಕೊಡುತ್ತೇನೆ.